ಕಾಳು ಒಡೆಯದೆ ಎಣ್ಣೆ ಅಳೆಯುವ ಮೇಜಿನ ಯಂತ್ರ

ಯಾದಗಿರಿ ಎಪಿಎಂಸಿಗೆ ಶೇಂಗಾ ಬಂದರೆ ಖರೀದಿದಾರರು ರಾಶಿಗೆ ಕೈ ಹಾಕಿ, ನಾಲ್ಕು ಕಾಯಿ ಒಡೆದು, ಕಾಳನ್ನು ಬೆರಳಲ್ಲಿ ಹೊಸಕಿ ನೋಡುತ್ತಾರೆ. ಒಣಗಿದ ಕಾಳಿನ ತೂಕದಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಎಣ್ಣೆಯೇ ಇರುತ್ತದೆ. ಅದನ್ನು ನಿಖರವಾಗಿ ತಿಳಿಯಲು ಕಾಳು ಪುಡಿ ಮಾಡಿ, ಹೆಕ್ಸೇನ್ ಹಾಕಿ, ತಾಸುಗಟ್ಟಲೆ ಕಾಯಿಸಿ ಎಣ್ಣೆ ಇಳಿಸಬೇಕು. ಮಾಲು ತಂದ ರೈತ ಅಷ್ಟು ಹೊತ್ತು ಎಲ್ಲಿ ನಿಂತಾನು? ಇದೇ ಕೆಲಸವನ್ನು ಕಾಳು ಒಡೆಯದೆ ನಿಮಿಷದೊಳಗೆ ಮುಗಿಸುವ ಯಂತ್ರವೇ ಮೇಜಿನ ಮೇಲೆ ಕೂರುವ ಎನ್‌ಎಂಆರ್.

ಎಂಆರ್‌ಐ ಸ್ಕ್ಯಾನಿನ ತತ್ವವೇ ಇದಕ್ಕೂ ಆಧಾರ. ಗಾಜಿನ ನಳಿಕೆಯಲ್ಲಿ ಕಾಳು ತುಂಬಿ ಅಯಸ್ಕಾಂತದ ನಡುವೆ ಇಳಿಸಿ, ರೇಡಿಯೊ ತರಂಗದ ಒಂದು ಏಟು ಕೊಡುತ್ತಾರೆ. ಜಲಜನಕದ ನ್ಯೂಕ್ಲಿಯಸ್‌ಗಳು ಮರುದನಿ ಕೊಡುತ್ತವೆ. ಕಾಳಿನ ಗಟ್ಟಿ ಭಾಗದ ದನಿ ಮೈಕ್ರೊಸೆಕೆಂಡುಗಳಲ್ಲೇ ಅಡಗುತ್ತದೆ, ತೇವದ ದನಿ ಇನ್ನಷ್ಟು ಹೊತ್ತು ಇರುತ್ತದೆ. 7 ಮಿಲಿಸೆಕೆಂಡಿನ ನಂತರವೂ ಉಳಿಯುವುದು ಎಣ್ಣೆಯ ದನಿ ಮಾತ್ರ. ಅದರ ಬಲವನ್ನು ಅಳೆದರೆ ಎಣ್ಣೆಯ ಅಂಶ ಸಿಕ್ಕಿತು.

ಅಮೆರಿಕದಲ್ಲಿ ಬ್ಲಾಕ್ ಮತ್ತು ಪರ್ಸೆಲ್ 1945–46ರಲ್ಲಿ ಬೇರೆಬೇರೆಯಾಗಿ ಈ ದನಿಯನ್ನು ಹಿಡಿದರು. ಮೊದಮೊದಲು ಇದು ಭೌತವಿಜ್ಞಾನಿಗಳ ಸೊತ್ತಾಗಿತ್ತು. ರಸಾಯನ ವಿಜ್ಞಾನಿಗಳ ಕಣ್ಣು ತೆರೆಸಿದ್ದು 1951ರಲ್ಲಿ ಸ್ಟ್ಯಾನ್‌ಫರ್ಡ್‌ನಿಂದ ಬಂದ ಒಂದು ಪ್ರಬಂಧ. ಮದ್ಯಸಾರದ ಒಂದೇ ಅಣುವಿನಿಂದ 3:2:1ರ ಪ್ರಮಾಣದಲ್ಲಿ ಮೂರು ಬೇರೆ ಸಂಕೇತಗಳು ಬರುವುದನ್ನು ಅದು ತೋರಿಸಿತು. ಅದನ್ನು ಬರೆದ ಮೂವರಲ್ಲಿ ಎಸ್.ಎಸ್. ಧರ್ಮಟ್ಟಿ ಒಬ್ಬರು. ಮುಂದೆ ಮುಂಬೈನ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲಿ ಎನ್‌ಎಂಆರ್ ತಂಡ ಕಟ್ಟಿದವರೂ ಅವರೇ. ಅದೇ 1951ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಜಿ. ಸೂರ್ಯನ್ ಹರಿಯುವ ದ್ರವದಲ್ಲಿ ಈ ಸಂಕೇತ ಹೇಗೆ ಬದಲಾಗುತ್ತದೆಂದು ಅಳೆದು ಪ್ರಕಟಿಸಿದರು. ನಮ್ಮ ಪಠ್ಯಪುಸ್ತಕಗಳಲ್ಲಿ ಈ ಇಬ್ಬರ ಹೆಸರೂ ಇರಬೇಕಿತ್ತು.

1961ರಲ್ಲಿ ಬಂದ ವೇರಿಯನ್ ಎ-60 ಯಂತ್ರದ ವಿದ್ಯುತ್ಕಾಂತವನ್ನು ನೀರು ಹಾಯಿಸಿ ತಂಪಾಗಿಡಬೇಕಿತ್ತು. ಆಮೇಲಿನ ದೊಡ್ಡ ಯಂತ್ರಗಳಿಗೆ ದ್ರವ ಹೀಲಿಯಂ ಬೇಕಾಯಿತು. ಕಾಳಿನ ಎಣ್ಣೆ ಅಳೆಯುವ ಸರಳ ಯಂತ್ರಗಳು 1970ರ ದಶಕದಲ್ಲೇ ಬಂದವು. 1980ರ ದಶಕದಲ್ಲಿ ನಿಯೋಡಿಮಿಯಂ ಅಯಸ್ಕಾಂತ ಹುಟ್ಟಿದ ಮೇಲೆ, 2010ರ ಆಸುಪಾಸಿಗೆ ಎ-60ರಷ್ಟೇ, ಅಂದರೆ 60 ಮೆಗಾಹರ್ಟ್ಸ್‌ನ ಯಂತ್ರ ಮೇಜಿಗೇ ಇಳಿಯಿತು. ರಿಯಾಕ್ಟರಿನಿಂದ ದ್ರವವನ್ನು ಸಣ್ಣ ಕೊಳವೆಯಲ್ಲಿ ಇದರೊಳಗೆ ಹರಿಸಿ, ಕ್ರಿಯೆ ನಡೆಯುತ್ತಿರುವಾಗಲೇ ಪರೀಕ್ಷಿಸಬಹುದು. ಕಡೇಚೂರು ಕೈಗಾರಿಕಾ ಪ್ರದೇಶದಂಥ ಕಡೆ ಔಷಧ, ರಾಸಾಯನಿಕ ಘಟಕಗಳಿಗೆ ಇದು ತಕ್ಕ ಸಾಧನ.

ಮಿತಿಗಳೂ ಉಂಟು. ಜಟಿಲ ಅಣುಗಳಿಗೆ ದೊಡ್ಡ ಯಂತ್ರವೇ ಬೇಕು. ಕಾಳಿನ ತೇವ ಶೇ 10ಕ್ಕಿಂತ ಕಡಿಮೆಯಿರಬೇಕು, ಇಲ್ಲವಾದರೆ ನೀರೂ ಎಣ್ಣೆಯ ಲೆಕ್ಕದಲ್ಲಿ ಸೇರಿಕೊಳ್ಳುತ್ತದೆ. ಎಣ್ಣೆಯ ಅಂಶ ಮೊದಲೇ ಗೊತ್ತಿರುವ ಮಾದರಿಗಳಿಟ್ಟು ಯಂತ್ರವನ್ನು ಆಗಾಗ ತಾಳೆ ನೋಡುತ್ತಿರಬೇಕು.

ನಾರಾಯಣಪುರ ಎಡದಂಡೆ ಕಾಲುವೆಯ ಸೀಮೆಯಲ್ಲಿ ಶೇಂಗಾ ಮಾತ್ರವಲ್ಲ, ಹತ್ತಿಯೂ ಬೆಳೆಯುತ್ತದೆ. ಹತ್ತಿಕಾಳಿನಲ್ಲೂ ಎಣ್ಣೆಯಿದೆ. ಭೀಮರಾಯನಗುಡಿಯ ಕೃಷಿ ಕಾಲೇಜು ಶಹಾಪುರ, ಸುರಪುರ ಎರಡೂ ಕಡೆಯ ರೈತರಿಗೆ ದೂರವಲ್ಲ. ಅಲ್ಲಿ ರೈತರಿಗಾಗಿಯೇ ಇಂಥದೊಂದು ಯಂತ್ರ ಇಟ್ಟು, ಮಾಲಿನ ಜೊತೆ ಎಣ್ಣೆಯಂಶದ ಚೀಟಿಯೂ ಮಾರುಕಟ್ಟೆಗೆ ಹೋಗುವ ಏರ್ಪಾಡನ್ನು ಕೃಷಿ ಇಲಾಖೆ, ಎಪಿಎಂಸಿ ಸೇರಿ ಮಾಡಲಿ.