ಕೊಲೊನೋಸ್ಕೋಪಿಗೆ ತಯಾರಿ: ಮೊಬೈಲ್ ಆ್ಯಪ್ ಒಂದಿದ್ದರೆ ಸಾಕೇ?

ಕೊಲೊನೋಸ್ಕೋಪಿಯ ಹಿಂದಿನ ದಿನ ಏನು ತಿನ್ನಬೇಕು, ಪುಡಿ ಯಾವಾಗ ಕುಡಿಯಬೇಕು ಎಂದು ಬರೆದ ಚೀಟಿಯ ಫೋಟೊ ನಿಮ್ಮ ಫ್ಯಾಮಿಲಿ ಗ್ರೂಪಿಗೂ ಬಂದಿರಬಹುದು. ಯಾವುದೋ ಊರಿನ ಡಾಕ್ಟರು ಯಾರದೋ ಮಾವನಿಗೆ ಬರೆದುಕೊಟ್ಟದ್ದು, ಈಗ ಇಳಕಲ್‌ನಲ್ಲಿ ಇನ್ಯಾರದೋ ಅತ್ತೆಯ ಫೋನಿನಲ್ಲಿ. ಜೊತೆಗೆ ‘ಈ ಆ್ಯಪ್ ಹಾಕಿಕೊಳ್ಳಿ, ಆಸ್ಪತ್ರೆಯವರನ್ನು ಕೇಳುವ ಗೊಡವೆಯೇ ಬೇಡ’ ಎಂಬ ಸಲಹೆ. ಇದರಲ್ಲಿ ಅರ್ಧ ನಿಜವಿದೆ, ಅರ್ಧ ಅಪಾಯವಿದೆ.

ಮೊದಲು ಪರೀಕ್ಷೆ ಏನೆಂದು ನೋಡೋಣ. ತುದಿಯಲ್ಲಿ ಕ್ಯಾಮೆರಾ ಇರುವ, ಬಾಗುವ ಕೊಳವೆಯನ್ನು ಗುದದ್ವಾರದಿಂದ ಒಳಗೆ ಬಿಟ್ಟು ದೊಡ್ಡ ಕರುಳನ್ನು ನೋಡುವುದೇ ಕೊಲೊನೋಸ್ಕೋಪಿ. ಮಲದಲ್ಲಿ ರಕ್ತ, ಕಾರಣ ತಿಳಿಯದ ರಕ್ತಹೀನತೆ, ಬಹಳ ದಿನದ ಭೇದಿ ಇದ್ದಾಗ ಇದನ್ನು ಬರೆಯುತ್ತಾರೆ. ಕರುಳಿನ ಒಳಗೋಡೆಯಲ್ಲಿ ಹುಟ್ಟುವ ಪಾಲಿಪ್ ಎಂಬ ಸಣ್ಣ ಗಂಟುಗಳಲ್ಲಿ ಕೆಲವು ವರ್ಷಗಳ ನಂತರ ಕ್ಯಾನ್ಸರ್ ಆಗಬಲ್ಲವು. ಮೊದಲೇ ಕಂಡರೆ ಬಹುತೇಕ ಗಂಟುಗಳನ್ನು ಅದೇ ಕೊಳವೆಯ ಮೂಲಕ ತೆಗೆಯಬಹುದು. ಆದರೆ ಕಾಣಬೇಕಲ್ಲ? ಮಲ ಮೆತ್ತಿಕೊಂಡ ಗೋಡೆಯಲ್ಲಿ ಕೆಲವೇ ಮಿಲಿಮೀಟರ್‌ನ ಗಂಟು ಯಾವ ಕ್ಯಾಮೆರಾಕ್ಕೂ ಕಾಣದು. ಅದಕ್ಕೇ ವೈದ್ಯರು ಕರುಳಿನ ಸ್ವಚ್ಛತೆಗೂ ಅಂಕ ಕೊಡುತ್ತಾರೆ. ಬೋಸ್ಟನ್ ಮಾಪಕದಲ್ಲಿ ಕರುಳಿನ ಮೂರು ಭಾಗಗಳಿಗೆ ತಲಾ 0ಯಿಂದ 3, ಒಟ್ಟು 9. ಯಾವುದಾದರೂ ಭಾಗಕ್ಕೆ 2ಕ್ಕಿಂತ ಕಡಿಮೆ ಬಂದರೆ ತಯಾರಿ ಸಾಲದು. ಮತ್ತೊಮ್ಮೆ ಉಪವಾಸ, ಮತ್ತೊಮ್ಮೆ ಪುಡಿ, ಮತ್ತೊಮ್ಮೆ ಖರ್ಚು.

ಫೋನಿನಿಂದ ನಿಜಕ್ಕೂ ಉಪಯೋಗ ಇದೆಯೇ?

ಇದೆ. ಜರ್ಮನಿಯಲ್ಲಿ ಸುಮಾರು 500 ಜನರ ಮೇಲೆ ನಡೆದು 2021ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಮಾಮೂಲಿ ತಿಳಿವಳಿಕೆಯ ಜೊತೆಗೆ ಆ್ಯಪ್ ನೆನಪೋಲೆಗಳನ್ನೂ ಪಡೆದವರಲ್ಲಿ ಶೇ 8ರಷ್ಟು ಜನರ ತಯಾರಿ ಮಾತ್ರ ಕೆಟ್ಟಿತ್ತು. ಆ್ಯಪ್ ಇಲ್ಲದವರಲ್ಲಿ ಶೇ 17. ಚೀನಾದ ಅಧ್ಯಯನವೊಂದು (2016) ಆ್ಯಪ್ ಬದಲು ಅಲ್ಲಿನ ವಾಟ್ಸ್‌ಆ್ಯಪ್‌ನಂಥ ವೀಚಾಟ್ ಬಳಸಿತು. ಅಲ್ಲಿ ಒಳ್ಳೆಯ ತಯಾರಿ ಶೇ 70ರಿಂದ 82ಕ್ಕೆ ಏರಿತು. ಆದರೆ ನನಗೆ ಹೆಚ್ಚು ಸ್ವಾರಸ್ಯ ಎನಿಸಿದ್ದು ಅದೇ ದೇಶದ 2014ರ ಇನ್ನೊಂದು ಅಧ್ಯಯನ. ಅಲ್ಲಿ ಆ್ಯಪೂ ಇಲ್ಲ, ಚಾಟೂ ಇಲ್ಲ, ಹಿಂದಿನ ದಿನ ಆಸ್ಪತ್ರೆಯಿಂದ ಒಂದು ಫೋನ್ ಕರೆ, ಅಷ್ಟೇ. ಫಲಿತಾಂಶ ಹೆಚ್ಚುಕಡಿಮೆ ಅದೇ: 70ರಿಂದ 82.

ಅಂದರೆ ಕೆಲಸ ಮಾಡುವುದು ಆ್ಯಪಿನ ಜಾಣತನವಲ್ಲ. ಚೀಟಿ ಕೊಟ್ಟ ದಿನ ಹತ್ತು ಸಲ ತಲೆಯಾಡಿಸಿ, ಮನೆಗೆ ಬಂದು ಮರೆಯುತ್ತೇವೆ. ಮರೆತ ಹೊತ್ತಿಗೆ ಸರಿಯಾಗಿ ಯಾರಾದರೂ ನೆನಪಿಸಿದರೆ ಕರುಳು ಸ್ವಚ್ಛವಾಗುತ್ತದೆ.

ಆ್ಯಪಿಗೆ ಅಗಸಿ ಚಟ್ನಿ ಗೊತ್ತಿಲ್ಲ

ಇಂಥ ಆ್ಯಪ್‌ಗಳಲ್ಲಿ ಹೆಚ್ಚಿನವು ಹೊರದೇಶದವು. ‘ಇಡೀ ಧಾನ್ಯದ ಬ್ರೆಡ್ ಬೇಡ, ಸ್ಟ್ರಾಬೆರಿ ಬೇಡ’ ಎನ್ನುತ್ತವೆ. ಹುನಗುಂದದ ಮನೆಯಲ್ಲಿ ಬ್ರೆಡ್ಡೂ ಇಲ್ಲ, ಸ್ಟ್ರಾಬೆರಿಯೂ ಇಲ್ಲ. ಸರಿ, ನಮಗೇನೂ ಪಥ್ಯವಿಲ್ಲ ಎಂದುಕೊಂಡು ರಾತ್ರಿ ಜೋಳದ ರೊಟ್ಟಿ, ಮಡಕಿ ಕಾಳು, ಅಗಸಿ ಚಟ್ನಿ ಊಟ ಮಾಡಿದರೆ ಮುಗಿಯಿತು. ನಾರು ಮತ್ತು ಬೀಜವೇ ಇಲ್ಲಿ ತೊಡಕು. ಅಗಸಿ, ಗುರೆಳ್ಳು, ಸಜ್ಜೆ ರೊಟ್ಟಿಗೆ ಹಚ್ಚಿದ ಎಳ್ಳು, ಎಣಗಾಯಿಯ ಬದನೆ ಬೀಜ, ಪೇರಲ, ದಾಳಿಂಬೆ ಬೀಜ ಇವೆಲ್ಲ ಕರುಳಿನಲ್ಲಿ ಉಳಿದು, ಕೊಳವೆಯ ಹೀರುದಾರಿಯನ್ನೂ ಕಟ್ಟಬಲ್ಲವು. ಪುಂಡಿಪಲ್ಲೆ, ಹಸಿ ತೊಪ್ಪಲೂ ಹಾಗೆಯೇ. ಬೇರೆ ದಿನ ಇವು ಒಳ್ಳೆಯ ಊಟ. ಈ ಒಂದೆರಡು ದಿನ ಮಾತ್ರ ಬಿಳಿ ಅನ್ನ, ತೊಗರಿ ಬೇಳೆಯ ತಿಳಿಸಾರು, ಇಡ್ಲಿ, ಮೊಸರಿನಂಥವು. ಎಷ್ಟು ದಿನ ಎಂಬುದನ್ನು ನಿಮ್ಮ ವೈದ್ಯರೇ ಹೇಳಬೇಕು. ಮಲಬದ್ಧತೆ ಇರುವವರಿಗೆ ಹೆಚ್ಚು ದಿನ ಹೇಳುವುದುಂಟು. ಕೊನೆಯಲ್ಲಿ ಬರೀ ತಿಳಿ ದ್ರವ: ಎಳನೀರು, ಸೋಸಿದ ನಿಂಬೆ ಪಾನಕ, ಹಾಲಿಲ್ಲದ ಚಹಾ. ಮಜ್ಜಿಗೆ ತಿಳಿ ದ್ರವವಲ್ಲ. ಕೆಂಪು ಶರಬತ್ತೂ ಬೇಡ, ಒಳಗೆ ನೋಡಿದಾಗ ರಕ್ತದಂತೆ ಕಾಣುತ್ತದೆ.

ಎರಡನೇ ಡೋಸ್ ಮತ್ತು ಮುಂಜಾನೆಯ ಬಸ್ಸು

ಸಾಮಾನ್ಯವಾಗಿ ಕೊಡುವ ಪುಡಿಯಲ್ಲಿ ಇರುವುದು ಪಾಲಿಎಥಿಲೀನ್ ಗ್ಲೈಕಾಲ್. ಇದು ದೇಹಕ್ಕೆ ಹೀರಲ್ಪಡದೆ, ನೀರನ್ನು ಹಿಡಿದುಕೊಂಡೇ ಕರುಳಿನುದ್ದಕ್ಕೂ ಸಾಗಿ ತೊಳೆಯುತ್ತದೆ. ಈಗ ಇದನ್ನು ಎರಡು ಪಾಲು ಮಾಡುತ್ತಾರೆ. ಅರ್ಧ ಹಿಂದಿನ ಸಂಜೆ, ಉಳಿದರ್ಧ ಪರೀಕ್ಷೆಗೆ 4ರಿಂದ 6 ಗಂಟೆ ಮುಂಚೆ ಶುರು ಮಾಡಿ, ಕನಿಷ್ಠ 2 ಗಂಟೆ ಮುಂಚೆ ಮುಗಿಸುವುದು. ರಾತ್ರಿಯೇ ಎಲ್ಲ ಕುಡಿದರೆ ಏನಾಗುತ್ತದೆ? ಬೆಳಗಾಗುವಷ್ಟರಲ್ಲಿ ಸಣ್ಣ ಕರುಳಿನಿಂದ ಇಳಿದ ರಸ ದೊಡ್ಡ ಕರುಳಿನ ಬಲಭಾಗಕ್ಕೆ ಅಂಟಿಕೊಳ್ಳುತ್ತದೆ. ಚಪ್ಪಟೆಯಾದ, ಸುಲಭಕ್ಕೆ ಕಾಣದ ಪಾಲಿಪ್‌ಗಳು ಹೆಚ್ಚಾಗಿ ಅಡಗುವುದೂ ಅಲ್ಲೇ.

ಕಷ್ಟ ಇರುವುದು ಇಲ್ಲಿ. ಬೆಳಿಗ್ಗೆ 9ಕ್ಕೆ ಬಾಗಲಕೋಟೆಯಲ್ಲಿ ಪರೀಕ್ಷೆ ಎಂದರೆ, ಇಳಕಲ್‌ನಿಂದ ಹೊರಡುವವರು ನಸುಕಿನ 4ಕ್ಕೆ ಪುಡಿ ಕುಡಿದು, ಭೇದಿ ನಿಲ್ಲುವ ಮೊದಲೇ ಗಂಟೆಗೂ ಹೆಚ್ಚು ಬಸ್ಸಿನಲ್ಲಿ ಕೂರಬೇಕು. ನಾಚಿಕೆಗೆ ಹೆದರಿ ಎರಡನೇ ಡೋಸನ್ನು ಬಿಡುವವರಿದ್ದಾರೆ, ಅದು ಅವರ ತಪ್ಪು ಅನ್ನಲಾಗದು. ‘ಈಗ ಕುಡಿಯಿರಿ’ ಎಂದು ಗಂಟೆ ಬಾರಿಸುವ ಆ್ಯಪಿಗೆ ನೀವು ಬಾದಾಮಿಯ ಬಸ್ ಸ್ಟ್ಯಾಂಡಿನಲ್ಲಿ ನಿಂತಿದ್ದೀರೆಂದು ಗೊತ್ತಿಲ್ಲ. ದಿನ ಗೊತ್ತು ಮಾಡುವಾಗಲೇ ದೂರದ ಊರಿನವರು ಎಂದು ಹೇಳಿ, ಮಧ್ಯಾಹ್ನದ ಹೊತ್ತು ಕೇಳಿ. ಸಿಗದಿದ್ದರೆ ಹಿಂದಿನ ರಾತ್ರಿ ಬಾಗಲಕೋಟೆಯಲ್ಲೇ ಬೀಗರ ಮನೆಯಲ್ಲೋ ಲಾಡ್ಜಿನಲ್ಲೋ ಉಳಿದುಕೊಳ್ಳುವುದು ವಾಸಿ. ತಯಾರಿ ಕೆಟ್ಟು ಎರಡನೇ ಸಲ ಬರುವುದಕ್ಕಿಂತ ಒಂದು ರಾತ್ರಿಯ ಬಾಡಿಗೆ ಅಗ್ಗ.

ಪುಡಿ ಕೆಲಸ ಮಾಡಿದೆಯೇ ಎಂದು ತಿಳಿಯಲು ಬಣ್ಣ ನೋಡಿ. ಕೊನೆಗೆ ಮೂತ್ರದಂತೆ ತಿಳಿಹಳದಿ ನೀರು ಬರಬೇಕು. ಕಂದು ಬಣ್ಣ, ಗಸಿ ಇನ್ನೂ ಇದ್ದರೆ ಹೊರಡುವ ಮುಂಚೆ ಆಸ್ಪತ್ರೆಗೆ ಫೋನ್ ಮಾಡಿ.

ಇನ್ನೊಬ್ಬರ ಚೀಟಿ ಏಕೆ ಬೇಡ?

ಸಕ್ಕರೆ ಕಾಯಿಲೆಯವರು ಊಟವಿಲ್ಲದೆ ಎಂದಿನಷ್ಟೇ ಇನ್ಸುಲಿನ್ ತೆಗೆದುಕೊಂಡರೆ ಸಕ್ಕರೆ ಕುಸಿದು ಬೀಳಬಹುದು. ರಕ್ತ ತೆಳುವಾಗಿಸುವ ಮಾತ್ರೆಯನ್ನು ತಾವಾಗಿ ನಿಲ್ಲಿಸಿದರೆ ಹೃದಯಕ್ಕೆ ಅಪಾಯ, ವೈದ್ಯರಿಗೆ ಹೇಳದೆ ಮುಂದುವರಿಸಿದರೆ ಪಾಲಿಪ್ ತೆಗೆದಾಗ ರಕ್ತಸ್ರಾವದ ಅಪಾಯ. ಕಬ್ಬಿಣಾಂಶದ ಮಾತ್ರೆ ಮಲವನ್ನು ಕಪ್ಪಾಗಿ ಅಂಟಾಗಿಸುವುದರಿಂದ ಸಾಮಾನ್ಯವಾಗಿ ಸುಮಾರು ಒಂದು ವಾರ ಮೊದಲೇ ನಿಲ್ಲಿಸಲು ಹೇಳುತ್ತಾರೆ. ಪುಡಿಗಳೂ ಎಲ್ಲ ಒಂದೇ ಅಲ್ಲ. ಸೋಡಿಯಂ ಫಾಸ್ಫೇಟ್ ದ್ರಾವಣದಿಂದ ಕಿಡ್ನಿಗೆ ಹಾನಿಯಾದ ಪ್ರಕರಣಗಳ ಮೇಲೆ ಅಮೆರಿಕದ ಔಷಧ ನಿಯಂತ್ರಕರು 2008ರಲ್ಲೇ ಎಚ್ಚರಿಸಿದ್ದರು. ‘ಔಡಲೆಣ್ಣೆ ಸಾಕು’, ‘ಎಪ್ಸಮ್ ಉಪ್ಪು ಸಾಕು’ ಎಂಬ ಫಾರ್ವರ್ಡ್‌ಗಳನ್ನೂ ಅಲ್ಲೇ ಅಳಿಸಿ. ಎಪ್ಸಮ್ ಉಪ್ಪಿನ ಮೆಗ್ನೀಶಿಯಂ, ಕಿಡ್ನಿ ದುರ್ಬಲವಿರುವವರ ರಕ್ತದಲ್ಲಿ ಏರಿ ಕುಳಿತುಕೊಳ್ಳುತ್ತದೆ.

ಹಾಗಾದರೆ ಫೋನನ್ನು ಹೇಗೆ ಬಳಸುವುದು? ಆಸ್ಪತ್ರೆಯೇ ತನ್ನ ಆ್ಯಪ್ ಅಥವಾ ವಾಟ್ಸ್‌ಆ್ಯಪ್ ಸಂದೇಶ ಕೊಟ್ಟರೆ ಖಂಡಿತ ಬಳಸಿ. ಇಲ್ಲವಾದರೆ ನಿಮಗೇ ಕೊಟ್ಟ ಚೀಟಿಯ ಫೋಟೊ ತೆಗೆದು, ಅದರಲ್ಲಿನ ಹೊತ್ತುಗಳಿಗೆ ಒಂದೊಂದು ಅಲಾರಂ ಇಡಿ. ಓದಲು ಬಾರದ ಅವ್ವನಿಗೆ ‘ಅವ್ವಾ, ಈಗ ಒಂದು ಗ್ಲಾಸ್ ಕುಡಿ, ಕಾಲು ತಾಸು ಬಿಟ್ಟು ಇನ್ನೊಂದು’ ಎಂದು ಮಗಳ ದನಿಯಲ್ಲೇ ವಾಯ್ಸ್ ಮೆಸೇಜ್ ಮಾಡಿಡಬಹುದು. ಕುಡಿಯುವಾಗ ನಿಲ್ಲದ ವಾಂತಿ, ಜೋರು ಹೊಟ್ಟೆನೋವು, ತಲೆಸುತ್ತು ಬಂದರೆ ಕುಡಿಯುವುದನ್ನು ನಿಲ್ಲಿಸಿ ಆಸ್ಪತ್ರೆಗೆ ಕರೆ ಮಾಡಿ. ಆ ನಂಬರನ್ನು ಚೀಟಿ ಕೊಟ್ಟ ದಿನವೇ ಕೇಳಿ, ಜೊತೆಗೆ ಬರುವವರ ಫೋನಿನಲ್ಲೂ ಸೇವ್ ಮಾಡಿಸಿ.