ಟ್ರೇಲರಿಗೊಂದು ಸೂರು: ಆನಗೋಡು ಸೀಮೆಯ ತಗಡಿನ ಶೆಡ್ಡುಗಳ ಅಳತೆ

ದಾವಣಗೆರೆಯಿಂದ ಚಿತ್ರದುರ್ಗದ ಕಡೆಗೆ ಸಾಗುವ ರಾಷ್ಟ್ರೀಯ ಹೆದ್ದಾರಿ 48ರ ಮಗ್ಗುಲಲ್ಲಿರುವ ಆನಗೋಡು ದಾವಣಗೆರೆ ತಾಲ್ಲೂಕಿನ ಒಂದು ಹೋಬಳಿ ಕೇಂದ್ರ. ಹರಿಹರದ ಕಡೆಯ ಭದ್ರಾ ನಾಲೆಯ ಭತ್ತದ ಬಯಲಿಗೆ ಹೋಲಿಸಿದರೆ ಈ ಭಾಗ ಬಹುಮಟ್ಟಿಗೆ ಮಳೆಯನ್ನೂ ಕೊಳವೆಬಾವಿಯನ್ನೂ ನಂಬಿಕೊಂಡದ್ದು. ಮುಂಗಾರಿನಲ್ಲಿ ಬಿತ್ತಿ ಅಕ್ಟೋಬರ್, ನವೆಂಬರ್ ಹೊತ್ತಿಗೆ ತೆನೆ ಮುರಿಯುವ ಮೆಕ್ಕೆಜೋಳವೇ ಇಲ್ಲಿನ ಹೊಲಗಳ ಮುಖ್ಯ ಬೆಳೆ. ಆ ಬೆಳೆಯನ್ನು ಹೊಲದಿಂದ ಕಣಕ್ಕೂ ಕಣದಿಂದ ದಾವಣಗೆರೆಯ ಮಾರುಕಟ್ಟೆಗೂ ಹೊರುವ ಟ್ರೇಲರ್ ಸುಗ್ಗಿಯಲ್ಲಿ ಹಗಲಿರುಳು ದುಡಿದರೂ ವರ್ಷದ ಬಹುಪಾಲು ದಿನ ಸುಮ್ಮನೆ ನಿಲ್ಲುವ ವಾಹನವಾದುದರಿಂದ, ಅದರ ಆಯುಷ್ಯವನ್ನು ಓಡಾಟಕ್ಕಿಂತ ನಿಲುಗಡೆಯೇ ಹೆಚ್ಚು ನಿರ್ಧರಿಸುತ್ತದೆ. ಬಯಲಿನಲ್ಲಿ ನಿಂತ ಟ್ರೇಲರಿನ ಟೈರು ಬಿಸಿಲಿಗೆ ಬಿರಿಯುತ್ತದೆ, ತಳದ ತಗಡು ಮಳೆನೀರು ನಿಂತ ಮೂಲೆಗಳಿಂದ ತುಕ್ಕು ಹಿಡಿಯುತ್ತ ಬರುತ್ತದೆ, ಹೈಡ್ರಾಲಿಕ್ ಪೈಪಿನ ರಬ್ಬರು ಗಡುಸಾಗಿ ಸೀಳುತ್ತದೆ. ಇದಕ್ಕಾಗಿ ಎತ್ತುವ ಕಂಬ ಮತ್ತು ತಗಡಿನ ಶೆಡ್ಡು ನೋಡಲು ಸರಳವಾಗಿದ್ದರೂ ಅದರ ಅಳತೆಯನ್ನು ಗೊತ್ತುಮಾಡುವುದು ಅಷ್ಟು ಸರಳವಲ್ಲ. ನಿಂತ ವಾಹನದ ಉದ್ದಗಲವನ್ನು ಟೇಪಿನಲ್ಲಿ ಹಿಡಿದು ಶೆಡ್ಡನ್ನು ಯೋಜಿಸುವುದು ರೂಢಿ. ವಾಸ್ತವದಲ್ಲಿ ಅಳೆಯಬೇಕಾದದ್ದು ಆ ವಾಹನದ ಚಲನೆಯನ್ನು.

ಟ್ರ್ಯಾಕ್ಟರಿಗಿಂತ ಮುಂಚಿನ ಕಾಲದಲ್ಲಿ ಈ ಸೀಮೆಯ ಬೇಸಾಯಕ್ಕೆ ಇಷ್ಟು ದೊಡ್ಡ ಸೂರು ಬೇಕಾಗಿರಲಿಲ್ಲ. ಬಿಳಿಜೋಳ ನೆಲದಡಿಯ ಹಗೇವಿಗೆ, ಅಂದರೆ ಕಾಳು ತುಂಬಿಡಲು ತೋಡಿದ ಕಣಜದ ಗುಂಡಿಗೆ, ಇಳಿಯುತ್ತಿತ್ತು, ಸೊಪ್ಪೆ ಬಣವೆಯಾಗುತ್ತಿತ್ತು, ಬಂಡಿಯು ಮೂಕಿಯನ್ನು ನೆಲಕ್ಕೂರಿ ಬೇವಿನ ಮರದ ನೆರಳಲ್ಲಿಯೋ ಕೊಟ್ಟಿಗೆಯ ಮಗ್ಗುಲಲ್ಲಿಯೋ ನಿಲ್ಲುತ್ತಿತ್ತು. ಕಂಬವನ್ನು ನೇರವಾಗಿ ನೆಲಕ್ಕೆ ಹೂತು ಮೇಲೆ ಮಾಡು ಹೊದಿಸುವ ಕ್ರಮ ಮಾತ್ರ ಹಂದರ, ಚಪ್ಪರ, ಗುಡಿಸಲುಗಳ ಮೂಲಕ ಇಲ್ಲಿ ಬಹಳ ಹಳೆಯದು. ಅಮೆರಿಕದ ತೋಟಗಳಲ್ಲಿ ಪೋಲ್ ಬಾರ್ನ್ ಎನ್ನಿಸಿಕೊಂಡ ಕಟ್ಟಡದ ತತ್ವವೂ ಇದೇ: 1930ರ ದಶಕದಿಂದೀಚೆಗೆ ರಾಸಾಯನಿಕ ಉಣಿಸಿದ ಮರದ ಕಂಬಗಳನ್ನು ಗೋಡೆಯ ಅಡಿಪಾಯದ ಹಂಗಿಲ್ಲದೆ ನೆಲದಲ್ಲಿ ನೆಟ್ಟು ಕಟ್ಟುವ ಈ ಕೊಟ್ಟಿಗೆಗಳು ಅಲ್ಲಿ ಹರಡಿ, ಇಂದು ಹುಲ್ಲು, ಯಂತ್ರ ಮಾತ್ರವಲ್ಲದೆ ಪ್ರವಾಸಕ್ಕೆ ಎಳೆದೊಯ್ಯುವ ಗಾಲಿಮನೆಗಳಿಗೂ ನೆಲೆಯಾಗಿವೆ. ಆನಗೋಡಿನಂಥ ಕಡೆ ಗೆದ್ದಲಿನ ಕಾಟದಿಂದಾಗಿ ಹೂತ ಮರ ಬಾಳುವುದಿಲ್ಲ. ಆದುದರಿಂದ ಕಬ್ಬಿಣದ ಪೈಪು ಮರದ ಜಾಗಕ್ಕೆ ಬಂದಿದೆ, ತತ್ವ ಹಾಗೆಯೇ ಉಳಿದಿದೆ.

ಸಾಮಾನ್ಯ ಬಳಕೆಯ ಎರಡು ಗಾಲಿಯ ಟ್ರೇಲರಿನ ತೊಟ್ಟಿ 10 ಅಡಿ ಉದ್ದ, 6 ಅಡಿ ಅಗಲ, 2 ಅಡಿ ಎತ್ತರದ ಆಸುಪಾಸಿನಲ್ಲಿರುತ್ತದೆ. ತೊಟ್ಟಿಯನ್ನು ಟ್ರ್ಯಾಕ್ಟರಿಗೆ ಸಿಕ್ಕಿಸುವ ಮುಂಚಾಚಿದ ಭಾಗಕ್ಕೆ ಮತ್ತೆ ನಾಲ್ಕು ಅಡಿ ಸೇರಿಸಿದರೆ ಟ್ರೇಲರಿನ ಒಟ್ಟು ಉದ್ದ 14 ಅಡಿಯಾಗುತ್ತದೆ. ಟ್ರ್ಯಾಕ್ಟರಿನದು 11ರಿಂದ 12 ಅಡಿ. ಎರಡನ್ನೂ ಕೂಡಿಸಿಯೇ ಒಳಗೆ ನಿಲ್ಲಿಸುವುದಾದರೆ ವಾಹನವೇ 26 ಅಡಿ, ಹಿಂದೆ ಮುಂದೆ ಮನುಷ್ಯ ಓಡಾಡಲು ಎರಡೆರಡು ಅಡಿ ಬಿಟ್ಟರೆ 30 ಅಡಿ ಉದ್ದ, 12 ಅಡಿ ಅಗಲದ ಶೆಡ್ಡು ಬೇಕು. ಬಿಡಿಸಿ ಪಕ್ಕ ಪಕ್ಕ ನಿಲ್ಲಿಸುವುದಾದರೆ 20 ಅಡಿ ಅಗಲ, 18 ಅಡಿ ಆಳ ಸಾಕು. ಎರಡರ ವಿಸ್ತೀರ್ಣವೂ 360 ಚದರ ಅಡಿ, ಕಟ್ಟಡದವರ ಲೆಕ್ಕದಲ್ಲಿ 3.6 ಚದರ, ನೂರು ಚದರ ಅಡಿಗೆ ಒಂದು ಚದರ ಎಂಬುದು ಈ ಭಾಗದ ಗುತ್ತಿಗೆಯ ಮಾಪನ. ಚದರದ ಮೇಲೆ ದರ ಕೇಳುವವನಿಗೆ ಈ ಎರಡು ಶೆಡ್ಡುಗಳೂ ಹೆಚ್ಚುಕಡಿಮೆ ಒಂದೇ ಬೆಲೆಯವಾಗಿ ಕಂಡರೂ ಬಳಸುವವನಿಗೆ ಅವು ಎರಡು ಬೇರೆ ಲೋಕಗಳು. ಮೊದಲನೆಯದರಲ್ಲಿ ಸುಗ್ಗಿಯ ರಾತ್ರಿ ದಣಿದು ಬಂದ ಚಾಲಕ ಕೊಂಡಿ ಬಿಚ್ಚುವ ಕೆಲಸವಿಲ್ಲದೆ ಗಾಡಿ ಒಳಗೆ ಬಿಟ್ಟು ಮನೆಗೆ ಹೋಗಬಹುದು. ಎರಡನೆಯದರಲ್ಲಿ ಪ್ರತಿ ಸಲವೂ ಟ್ರೇಲರನ್ನು ಹಿಮ್ಮುಖವಾಗಿ ಒಳಗೆ ತಳ್ಳಿ, ಮೂತಿಗೆ ಕಲ್ಲೋ ಕಬ್ಬಿಣದ ಕಾಲೋ ಕೊಟ್ಟು, ಪಿನ್ನು ಕಿತ್ತು, ಟ್ರ್ಯಾಕ್ಟರನ್ನು ಬೇರೆಯಾಗಿ ತಂದು ನಿಲ್ಲಿಸಬೇಕು. ದಿನಕ್ಕೊಮ್ಮೆಯಾದರೂ ಟ್ರ್ಯಾಕ್ಟರ್ ಮಾತ್ರವೇ ಹೊಲಕ್ಕೆ ಹೋಗುವ ಮನೆಗೆ ಎರಡನೆಯದೇ ಅನುಕೂಲ. ಬಾಡಿಗೆಗೆ ಮಣ್ಣು, ಇಟ್ಟಿಗೆ ಹೊಡೆಯುವವರಿಗೆ ಮೊದಲನೆಯದು.

ಹಿಂದಕ್ಕೆ ತೆಗೆಯುವ ಕಷ್ಟವು ಗಾಲಿಗಳ ಸಂಖ್ಯೆಯೊಂದಿಗೆ ಹೆಚ್ಚುತ್ತದೆ ಎಂಬುದನ್ನು ಶೆಡ್ಡು ಕಟ್ಟಿಸುವವರು ಸಾಮಾನ್ಯವಾಗಿ ತಡವಾಗಿ ಮನಗಾಣುತ್ತಾರೆ. ಎರಡು ಗಾಲಿಯ ಟ್ರೇಲರಿಗೆ ಟ್ರ್ಯಾಕ್ಟರಿನ ಕೊಂಡಿಯೊಂದೇ ತಿರುಗುವ ಬಿಂದು. ನುರಿತ ಚಾಲಕ ಸ್ಟೀರಿಂಗನ್ನು ಉಲ್ಟಾ ತಿರುಗಿಸುತ್ತ ಅದನ್ನು ಬೇಕಾದ ಕಡೆಗೆ ತೂರಿಸಬಲ್ಲ. ನಾಲ್ಕು ಗಾಲಿಯದಕ್ಕೆ ಮುಂದಿನ ಅಚ್ಚು ತಾನೇ ತಿರುಗುವ ಚಕ್ರದ ಮೇಲೆ ಕೂತಿರುವುದರಿಂದ ಎರಡು ಬಿಂದುಗಳಾಗುತ್ತವೆ, ಹಿಂದಕ್ಕೆ ತಳ್ಳಿದೊಡನೆ ಗಾಡಿ ಮಂಡಿ ಮಡಚಿದಂತೆ ಅಡ್ಡ ತಿರುಗುತ್ತದೆ. ಕುಕ್ಕುವಾಡದ ಸಕ್ಕರೆ ಕಾರ್ಖಾನೆಯ ದಾರಿಯಲ್ಲಿ ಕಾಣುವಂಥ, ಒಂದರ ಹಿಂದೊಂದು ಸಿಕ್ಕಿಸಿದ ಕಬ್ಬಿನ ಜೋಡಿ ಟ್ರೇಲರುಗಳನ್ನಂತೂ ಕೂಡಿಸಿಕೊಂಡೇ ಹಿಂದಕ್ಕೆ ತೆಗೆಯುವ ಮಾತೇ ಇಲ್ಲ. ಇಂಥ ವಾಹನಗಳಿಗೆ ಒಂದು ಕಡೆಯಿಂದ ಹೊಕ್ಕು ಇನ್ನೊಂದು ಕಡೆಯಿಂದ ಹೊರಬೀಳುವ, ಎರಡೂ ತುದಿ ತೆರೆದ ಉದ್ದನೆಯ ಶೆಡ್ಡೇ ಸರಿ. ಹಿಂಬದಿಯ ಗೋಡೆಯ ಖರ್ಚೂ ಅಲ್ಲಿ ಉಳಿಯುತ್ತದೆ, ಆದರೆ ಎರಡೂ ಕಡೆ ಜಾಗ ಬೇಕಾಗುತ್ತದೆ. ಬಾಗಿಲ ಎದುರಿನ ಅಂಗಳವನ್ನು ಶೆಡ್ಡಿನ ಭಾಗವೆಂದೇ ಎಣಿಸಬೇಕಾದದ್ದು ಈ ಕಾರಣಕ್ಕೆ: ನೇರವಾಗಿ ಹೊಕ್ಕು ನೇರವಾಗಿ ಹೊರಡಲು ವಾಹನದ ಉದ್ದದಷ್ಟಾದರೂ, ಎಂದರೆ 26 ಅಡಿ, ತೆರಪಿರಬೇಕು, ಅಡ್ಡ ಓಣಿಯಿಂದ ತಿರುಗಿ ಒಳಬರಬೇಕಾದರೆ ಇನ್ನೂ ಹೆಚ್ಚು. ವರ್ಷಕ್ಕೊಮ್ಮೆ ಹೊರಬರುವ ಗಾಲಿಯ ವಸ್ತುವಿಗಾಗಿಯೇ ಕಟ್ಟಿದ ತೇರಿನ ಮನೆಗಳನ್ನು ಈ ದೃಷ್ಟಿಯಿಂದ ನೋಡುವುದು ಉಪಯುಕ್ತ. ಊರ ದೇವಸ್ಥಾನದ ಮುಂದೆ ಎತ್ತರವಾಗಿ, ಕಿರಿದಾಗಿ ನಿಂತ ಆ ತಗಡಿನ ಮನೆ ರಥಬೀದಿಗೆ ನೇರವಾಗಿ ಮುಖಮಾಡಿರುತ್ತದೆ, ಏಕೆಂದರೆ ಗಾಲಿಗೆ ಸನ್ನೆ ಕೊಟ್ಟು ದಿಕ್ಕು ಬದಲಿಸುವ ತೇರು ಬಾಗಿಲಲ್ಲೇ ತಿರುಗಲಾರದು. ತೇರಿನ ಮನೆ ಕಟ್ಟಿದವರಿಗೆ ಗೊತ್ತಿದ್ದ ಈ ಸಂಗತಿಯನ್ನು ಟ್ರೇಲರಿನ ಶೆಡ್ಡು ಕಟ್ಟುವವರು ಮರೆಯುವುದು ವಿಚಿತ್ರ.

ಎತ್ತರದ ಪ್ರಶ್ನೆಯಲ್ಲಿ ತಪ್ಪು ಇನ್ನೂ ದುಬಾರಿ. ಖಾಲಿ ಟ್ರೇಲರ್ ಆರು ಅಡಿಯನ್ನು ಮೀರುವುದಿಲ್ಲ, ನೆರಳಿನ ಮೇಲುಹೊದಿಕೆ ಇರುವ ಟ್ರ್ಯಾಕ್ಟರ್ ಎಂಟು ಅಡಿಯ ಆಸುಪಾಸು. ಆದುದರಿಂದ ಹತ್ತಡಿ ಧಾರಾಳವಾಯಿತು ಎನ್ನಿಸುತ್ತದೆ. ಹೈಡ್ರಾಲಿಕ್ ಜ್ಯಾಕಿನಿಂದ ತೊಟ್ಟಿಯನ್ನು ಎತ್ತಿ ಮಾಲು ಸುರಿಯುವ ಟ್ರೇಲರಿನ ಲೆಕ್ಕ ಬೇರೆ. ತೊಟ್ಟಿಯ ತಳ ನೆಲದಿಂದ ಮೂರೂವರೆ ಅಡಿ ಮೇಲಿದ್ದು, ಹಿಂಬದಿಯನ್ನು ಆಧಾರವಾಗಿಟ್ಟುಕೊಂಡು ಅದು 45 ಡಿಗ್ರಿಯಷ್ಟು ಎದ್ದರೆ 10 ಅಡಿ ಉದ್ದದ ತಳದ ಮುಂತುದಿ 7 ಅಡಿ ಮೇಲೇರುತ್ತದೆ. ಅದರ ಮೇಲಿನ ಎರಡಡಿ ಹಲಗೆಯ ಓರೆ ಎತ್ತರ ಸುಮಾರು ಒಂದೂವರೆ ಅಡಿ. ಮೂರನ್ನೂ ಕೂಡಿದರೆ 12 ಅಡಿ. ಹತ್ತಡಿಯ ಶೆಡ್ಡಿನೊಳಗೆ ಮಳೆ ಬಂತೆಂದು ಅವಸರದಲ್ಲಿ ತೆನೆ ಸುರಿಯಹೊರಟರೆ ತೊಟ್ಟಿಯ ತುದಿ ಟ್ರಸ್ಸಿಗೆ, ಎಂದರೆ ಮಾಡನ್ನು ಹೊರುವ ತ್ರಿಕೋನಾಕಾರದ ಕಬ್ಬಿಣದ ಚೌಕಟ್ಟಿಗೆ, ತಾಗಿ ಅದನ್ನು ಕೆಳಗಿನಿಂದ ಮೇಲಕ್ಕೆ ಒತ್ತುತ್ತದೆ; ಮೇಲಿನ ಭಾರ ಹೊರಲೆಂದು ಮಾಡಿದ ಚೌಕಟ್ಟು ಈ ದಿಕ್ಕಿನ ಒತ್ತಡಕ್ಕೆ ಸುಲಭವಾಗಿ ಬಾಗುತ್ತದೆ. ಆದಕಾರಣ ಒಳಗೇ ಸುರಿಯುವ ಉದ್ದೇಶವಿದ್ದರೆ ಟ್ರಸ್ಸಿನ ಕೆಳ ಅಂಚು 13ರಿಂದ 14 ಅಡಿಯಲ್ಲಿರಬೇಕು. ಸೊಪ್ಪೆ ಹೇರಿದ ಗಾಡಿಯನ್ನು ಹಾಗೆಯೇ ಒಳಗೆ ನಿಲ್ಲಿಸುವವರಿಗೂ ಇದೇ ಎತ್ತರ ಬೇಕಾಗುತ್ತದೆ. ಮುಂದೆ ಕೊಯ್ಲು ಯಂತ್ರ ಕೊಳ್ಳುವ ಆಲೋಚನೆಯಿದ್ದರೆ ಅಗಲದ ಲೆಕ್ಕವೂ ಬದಲಾಗುತ್ತದೆ: ಭತ್ತದ ಬಯಲಿನ ದೊಡ್ಡ ಕೊಯ್ಲು ಯಂತ್ರಗಳ ಮುಂದಿನ ಕತ್ತರಿಪಟ್ಟಿಯೇ ಸುಮಾರು 14 ಅಡಿ ಅಗಲವಿರುತ್ತದೆ.

ಎತ್ತರ ಹೆಚ್ಚಿದಂತೆ ಗಾಳಿಯ ಕಾಟವೂ ಹೆಚ್ಚುವುದರಿಂದ ಈ ಎರಡನ್ನೂ ಒಟ್ಟಿಗೆ ತೂಗಬೇಕು. ಭಾರತೀಯ ಮಾನಕ ಸಂಸ್ಥೆಯ ಗಾಳಿಯ ನಕ್ಷೆಯಲ್ಲಿ ಕರ್ನಾಟಕದ ಒಳನಾಡಿನ ಬಹುಭಾಗಕ್ಕೆ ಸೆಕೆಂಡಿಗೆ 33 ಮೀಟರ್ ವೇಗವನ್ನು ಮೂಲ ಲೆಕ್ಕವಾಗಿ ಹಿಡಿಯಲಾಗಿದೆ, ಗಂಟೆಗೆ ಸುಮಾರು 119 ಕಿಲೋಮೀಟರ್. ಆ ವೇಗದ ಗಾಳಿ ಒಂದು ಚದರ ಮೀಟರಿನ ಮೇಲೆ ಸುಮಾರು 65 ಕಿಲೋಗ್ರಾಂ ಭಾರದಷ್ಟು ಒತ್ತುತ್ತದೆ. ಮೂರು ಕಡೆ ಮುಚ್ಚಿ ಒಂದು ಕಡೆ ತೆರೆದ ಶೆಡ್ಡಿನಲ್ಲಿ ಒಳಹೊಕ್ಕ ಗಾಳಿ ಹೊರಹೋಗಲು ದಾರಿ ಕಾಣದೆ ಮಾಡನ್ನು ಮೇಲಕ್ಕೆ ದಬ್ಬುತ್ತದೆ, ಮೇಲೆ ಹರಿವ ಗಾಳಿ ಅದನ್ನು ಹೀರಿಕೊಳ್ಳುತ್ತದೆ. 10 ಅಡಿ ಉದ್ದ, ಮೀಟರ್ ಅಗಲದ ಅರ್ಧ ಮಿಲಿಮೀಟರ್ ದಪ್ಪದ ತಗಡು ತಾನು ತೂಗುವುದು 14 ಕಿಲೋ ಮಾತ್ರ. ಗಾಳಿ ಅದನ್ನು ಎತ್ತುವ ಬಲ 200 ಕಿಲೋವರೆಗೂ ಹೋಗಬಲ್ಲದು. ಏಪ್ರಿಲ್, ಮೇ ತಿಂಗಳ ಗುಡುಗು ಮಳೆಯ ಮರುದಿನ ತಗಡು ಪಕ್ಕದ ಹೊಲದಲ್ಲಿ ಬಿದ್ದಿರುವುದಕ್ಕೆ ಇದೇ ಕಾರಣ. ಹೀಗಾಗಿ ಇಂಥ ಕಟ್ಟಡದ ಅಡಿಪಾಯವು ಭಾರವನ್ನು ಹೊರುವುದಕ್ಕಷ್ಟೇ ಅಲ್ಲ, ಕಟ್ಟಡವನ್ನು ನೆಲಕ್ಕೆ ಹಿಡಿದಿಡುವುದಕ್ಕೂ ಬೇಕು; ಎರಡಡಿ ಉದ್ದಗಲ, ಮೂರಡಿ ಆಳದ ಕಾಂಕ್ರೀಟು ಗುಂಡಿಯೊಂದು ಸುಮಾರು 800 ಕಿಲೋ ತೂಗುವ ಲಂಗರಾಗುತ್ತದೆ. ತಗಡನ್ನು ಪರ್ಲಿನ್ನಿಗೆ, ಅಂದರೆ ಟ್ರಸ್ಸುಗಳ ಮೇಲೆ ಅಡ್ಡಲಾಗಿ ಹಾಯುವ ಪಟ್ಟಿಗೆ, ಬಿಗಿಯುವ ಸ್ಕ್ರೂಗಳನ್ನು ಅಂಚಿನ ಸಾಲುಗಳಲ್ಲಿ ಒತ್ತೊತ್ತಾಗಿ ಹಾಕುವುದು ಅಗತ್ಯ, ಏಕೆಂದರೆ ಮಾಡು ಕೀಳುವುದು ಅಂಚಿನಿಂದ.

ಎರೆಹೊಲದಲ್ಲಿ ಈ ಗುಂಡಿಯ ಆಳ ಇನ್ನಷ್ಟು ಹೆಚ್ಚಬೇಕು. ಎರೆಮಣ್ಣು ಮಳೆಗಾಲದಲ್ಲಿ ಉಬ್ಬಿ ಬೇಸಿಗೆಯಲ್ಲಿ ಕೈ ತೂರುವಷ್ಟು ಬಿರುಕು ಬಿಡುವುದರಿಂದ ಮೇಲ್ಪದರದಲ್ಲಿ ನಿಂತ ಕಂಬ ವರ್ಷ ವರ್ಷವೂ ಒಂದಿಷ್ಟು ಏಳುತ್ತದೆ, ಇಳಿಯುತ್ತದೆ. ಬಿರುಕಿನ ಪದರವನ್ನು ದಾಟಿ ಗಟ್ಟಿ ನೆಲ ಸಿಗುವ ತನಕ ತೋಡಿ, ಸುತ್ತ ಗರಸು ತುಂಬಿ ದಮ್ಮಸ್ಸು ಮಾಡುವುದು ಪರಿಹಾರ. ಕೆಂಪು ನೆಲದಲ್ಲಿ ಈ ತೊಡಕಿಲ್ಲ. ನೆಲಗಟ್ಟನ್ನು ಸುತ್ತಲಿನ ಅಂಗಳಕ್ಕಿಂತ ಒಂದಡಿ ಎತ್ತರಿಸಿ ಬಾಗಿಲ ಕಡೆಗೆ ತುಸು ಇಳಿಜಾರು ಕೊಟ್ಟರೆ ಸಾಕು.

ದಿಕ್ಕಿನ ವಿಷಯದಲ್ಲಿ ಮುಂಗಾರು ಮಳೆ ಪಶ್ಚಿಮ, ನೈಋತ್ಯದಿಂದ ಬಡಿಯುವುದೆಂದು ತೆರೆದ ಮುಖವನ್ನು ಪೂರ್ವಕ್ಕೆ ಇಡುವುದು ವಾಡಿಕೆ. ಆದರೆ ಮೆಕ್ಕೆಜೋಳದ ಸುಗ್ಗಿ ಬರುವುದು ಹಿಂಗಾರಿನ ಹೊತ್ತಿಗೆ, ಆ ಮಳೆಯ ಇರಚಲು ಈಶಾನ್ಯದ್ದು; ಆದುದರಿಂದ ಪೂರ್ವದ ಮುಖಕ್ಕೂ ಮೂರಡಿ ಮುಂಚಾಚು ಇಲ್ಲದಿದ್ದರೆ ಕಾಳು ಒಣಗಿರಬೇಕಾದ ದಿನಗಳಲ್ಲೇ ಅದು ನೆನೆಯುತ್ತದೆ.

ಕಾಳಿನ ಮಾತು ಬಂದುದರಿಂದ ಟ್ರೇಲರಿನ ಶೆಡ್ಡಿನಲ್ಲಿ ಟ್ರೇಲರ್ ಒಂದೇ ಇರುವುದಿಲ್ಲವೆಂಬುದನ್ನೂ ಒಪ್ಪಿಕೊಳ್ಳಬೇಕು. ರೋಟವೇಟರ್, ಕಲ್ಟಿವೇಟರ್, ಟ್ರ್ಯಾಕ್ಟರ್ ಕೂರಿಗೆ, ಕುಂಟೆ ಇವೆಲ್ಲ ಆರೇಳು ಅಡಿ ಅಗಲದವು, ಗಾಲಿಯಿಲ್ಲದವು, ಒಮ್ಮೆ ಇಳಿಸಿದ ಕಡೆಯಿಂದ ಟ್ರ್ಯಾಕ್ಟರೇ ಬಂದು ಎತ್ತಬೇಕಾದವು. ಅವನ್ನು ಗೋಡೆಯ ಬದಿಗೆ ಒರಗಿಸಿಟ್ಟರೆ ಟ್ರ್ಯಾಕ್ಟರ್ ಅವುಗಳ ಬಳಿ ಹೋಗಲು ಟ್ರೇಲರನ್ನು ಮೊದಲು ಹೊರತೆಗೆಯಬೇಕಾಗುತ್ತದೆ. ಇವಕ್ಕೆ ಪ್ರತ್ಯೇಕವಾಗಿ ಒಂದು ಅಂಕಣವನ್ನು, ಎಂದರೆ ಎರಡು ಕಂಬಸಾಲುಗಳ ನಡುವಿನ ಒಂದು ಪಾಲನ್ನು, ಬಿಡುವುದೇ ವಿವೇಕ. ತೊಟ್ಟಿಯ ಅಂಚಿನ ಮಟ್ಟಕ್ಕೆ ತುಂಬಿದ 10-6-2 ಅಡಿ ಅಳತೆಯ ಟ್ರೇಲರಿನಲ್ಲಿ ಬಿಡಿಸಿದ ಮೆಕ್ಕೆಜೋಳ ಸುಮಾರು 24 ಕ್ವಿಂಟಲ್ ಹಿಡಿಯುತ್ತದೆ; ಬಿಡಿಸದ ತೆನೆಯಾದರೆ ಅದೇ ಕಾಳಿಗೆ ಬಹಳ ಹೆಚ್ಚು ಜಾಗ ಬೇಕು. ತಾಡಪಾಲಿನಡಿ ಬೆವರಿ ಬೂಸ್ಟು ಹಿಡಿಯುವ ತೆನೆಯ ರಾಶಿಗೂ ಹೆದ್ದಾರಿಯ ಸರ್ವಿಸ್ ರಸ್ತೆಯ ಮೇಲೆ ಅಪಾಯಕರವಾಗಿ ಹರಡಿದ ಕಾಳಿಗೂ ಈ ಹೆಚ್ಚುವರಿ ಅಂಕಣ ಉತ್ತರವಾಗಬಲ್ಲದು. ಗೊಬ್ಬರದ ಚೀಲಗಳನ್ನು ಮಾತ್ರ ಇಲ್ಲಿಂದ ದೂರವಿಡಬೇಕು. ತೇವ ಹೀರಿ ಕರಗುವ ಅದರ ಲವಣ ಕಬ್ಬಿಣವನ್ನು ಮಳೆಗಿಂತ ಬೇಗ ತಿನ್ನುತ್ತದೆ. ಒಣ ಸೊಪ್ಪೆಯ ಪಕ್ಕದಲ್ಲಿ ಬಿಸಿ ಸೈಲೆನ್ಸರಿನ ಟ್ರ್ಯಾಕ್ಟರ್ ನಿಲ್ಲಿಸುವುದರ ಅಪಾಯವನ್ನು ವಿವರಿಸಬೇಕಿಲ್ಲ.

ಇಂಥ ಶೆಡ್ಡುಗಳನ್ನು ಕಟ್ಟುವವರು ಬಹುತೇಕ ದಾವಣಗೆರೆ, ಹರಿಹರಗಳ ವೆಲ್ಡಿಂಗ್ ಕಾರ್ಯಾಗಾರಗಳವರು. ಹರಿಹರದಲ್ಲಿ 1941ರಲ್ಲಿ ಆರಂಭವಾದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ಲೇತು ಯಂತ್ರಗಳಿಗೆ ದೇಶದಲ್ಲೇ ಹೆಸರಾಗಿ, ಈ ಅವಳಿ ಊರುಗಳಲ್ಲಿ ಕಬ್ಬಿಣದ ಕೆಲಸವನ್ನು ಒಂದು ಬದುಕಾಗಿ ಬೇರೂರಿಸಿತು; ಕಾರ್ಖಾನೆ ಮುಚ್ಚಿದ್ದರೂ ಅಳತೆಯನ್ನು ಕಾಗದದ ಮೇಲೆ ಬರೆದುಕೊಂಡು ಕೆಲಸ ಮಾಡುವ ಶಿಸ್ತಿನ ಕಾರ್ಯಾಗಾರ ಹುಡುಕಿದರೆ ಸಿಗುತ್ತದೆ. ಹಾಗೆ ಬರೆದುಕೊಳ್ಳದೆ ಚದರದ ದರವನ್ನಷ್ಟೇ ಹೇಳುವವರು ಮಾರುಕಟ್ಟೆಯಲ್ಲಿ ಸಿಗುವ ತಗಡಿನ ಉದ್ದಕ್ಕೆ ಶೆಡ್ಡನ್ನು ಹೊಂದಿಸುತ್ತಾರೆ, ಟ್ರೇಲರಿನ ಮೂತಿ ಹೊರಗೇ ಉಳಿಯುತ್ತದೆ.

ಹೆದ್ದಾರಿಯ ಪಕ್ಕದ ಜಮೀನಿನಲ್ಲಿ ರಸ್ತೆಯ ನಡುಗೆರೆಯಿಂದ 40 ಮೀಟರಿನೊಳಗೆ ಕಟ್ಟಡ ಬೇಡವೆಂಬ ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ ಮಾನದಂಡವನ್ನು ನೆನಪಿಟ್ಟು, ಗ್ರಾಮ ಪಂಚಾಯಿತಿಯಲ್ಲಿ ವಿಚಾರಿಸಿಕೊಂಡ ಮೇಲೆ ಉಳಿಯುವುದು ಒಂದು ಪರೀಕ್ಷೆ ಮಾತ್ರ. ಗುಂಡಿ ತೋಡುವ ಮೊದಲು ನೆಲದ ಮೇಲೆ ಸುಣ್ಣದ ಪುಡಿಯಲ್ಲಿ ಶೆಡ್ಡಿನ ಗೆರೆ ಎಳೆದು, ಕಂಬ ಬರುವ ಪ್ರತಿ ಜಾಗದಲ್ಲಿ ಗಳ ನೆಟ್ಟು, ಬಾಗಿಲ ಎತ್ತರಕ್ಕೆ ಹಗ್ಗ ಕಟ್ಟಿ, ದಿನವೂ ಗಾಡಿ ಓಡಿಸುವ ಚಾಲಕನಿಂದಲೇ ಹೇರು ತುಂಬಿದ ಟ್ರೇಲರನ್ನು ಒಳಗೆ ತೆಗೆಸಿ, ತೊಟ್ಟಿ ಎತ್ತಿಸಿ, ಮತ್ತೆ ಹೊರಗೆ ತೆಗೆಸಬೇಕು. ಗಳ ಬಿದ್ದ ಕಡೆ ಕಂಬವನ್ನು ಒಂದಡಿ ಸರಿಸಲು ಆ ದಿನ ಬೇಕಾಗುವುದು ಒಂದು ಬೊಗಸೆ ಸುಣ್ಣ. ಕಾಂಕ್ರೀಟು ಹಾಕಿದ ಮೇಲೆ ಅದೇ ಒಂದಡಿಗೆ ಗ್ಯಾಸ್ ಕಟರ್, ಹೊಸ ಗುಂಡಿ, ಹೊಸ ಪೈಪು ಎಲ್ಲವೂ ಬೇಕಾಗುತ್ತವೆ.