ಓಲೆಗರಿಗಳ ಛಾಯಾಪ್ರತಿಗಳಿಗೆ ಆಶ್ರಯ: ಹಾರ್ಡ್ ಡಿಸ್ಕ್ ಮತ್ತು ಸಾಲಿಡ್ ಸ್ಟೇಟ್ ಡ್ರೈವ್

ತಾಡಪತ್ರ ಗ್ರಂಥಗಳ ಛಾಯಾಗ್ರಹಣವು ಇಂದು ಹಸ್ತಪ್ರತಿ ಭಂಡಾರಗಳ ಮುಖ್ಯ ಕಾರ್ಯಗಳಲ್ಲಿ ಒಂದಾಗಿದೆ. 2003ರಲ್ಲಿ ಸ್ಥಾಪಿತವಾದ ರಾಷ್ಟ್ರೀಯ ಹಸ್ತಪ್ರತಿ ಮಿಷನ್ ಹಾಗೂ 2025ರಲ್ಲಿ ಘೋಷಿತವಾದ ಜ್ಞಾನಭಾರತಂ ಯೋಜನೆ ಈ ಕಾರ್ಯಕ್ಕೆ ವೇಗವನ್ನು ತಂದಿವೆ. ಓಲೆಯನ್ನು ಹೇಗೆ ಶುಚಿಗೊಳಿಸಬೇಕು, ಯಾವ ಬೆಳಕಿನಲ್ಲಿ ಚಿತ್ರ ತೆಗೆಯಬೇಕು, ಸೂಚಿಯನ್ನು ಯಾವ ಕ್ರಮದಲ್ಲಿ ಸಿದ್ಧಪಡಿಸಬೇಕು ಎಂಬ ವಿಷಯಗಳನ್ನು ವಿದ್ವಾಂಸರು ಸಾಕಷ್ಟು ಚರ್ಚಿಸಿದ್ದಾರೆ. ತೆಗೆದ ಚಿತ್ರಗಳು ಯಾವ ವಸ್ತುವಿನ ಮೇಲೆ ನಿಂತಿವೆ, ಆ ವಸ್ತುವಿನ ಸ್ವಭಾವವೇನು, ಅದನ್ನು ಬೀರುವಿನಲ್ಲಿ ಇಟ್ಟು ಬೀಗ ಹಾಕಿದರೆ ಎಷ್ಟು ಕಾಲ ಉಳಿದೀತು ಎಂಬ ಪ್ರಶ್ನೆಗಳಿಗೆ ದೊರೆತಿರುವ ಗಮನ ಮಾತ್ರ ತೀರ ಅಲ್ಪ.

ಈಚಿನ ವರ್ಷಗಳಲ್ಲಿ ಗಣಕಯಂತ್ರದ ಹಾರ್ಡ್ ಡಿಸ್ಕ್‌ಗಳ ಸ್ಥಾನಕ್ಕೆ ಸಾಲಿಡ್ ಸ್ಟೇಟ್ ಡ್ರೈವ್‌ಗಳು ಬರುತ್ತಿವೆ. ಎಸ್‌ಎಸ್‌ಡಿ ಎಂಬ ಸಂಕ್ಷೇಪದಿಂದ ಪ್ರಸಿದ್ಧವಾದ ಇವು ಹಗುರ, ನಿಶ್ಶಬ್ದ, ಅತಿ ಶೀಘ್ರ. ಹೊಸದಾಗಿ ಕೊಳ್ಳುವವರಿಗೆ ಅಂಗಡಿಯವರು ಹೇಳುವುದು ಇವನ್ನೇ. ಆದುದರಿಂದ ಹಳೆಯ ಹಾರ್ಡ್ ಡಿಸ್ಕ್‌ನ ಕಾಲ ಮುಗಿಯಿತೇ, ಭಂಡಾರದ ಛಾಯಾಪ್ರತಿಗಳನ್ನೂ ಹೊಸ ಸಾಧನಕ್ಕೆ ವರ್ಗಾಯಿಸಿ ಇಡುವುದು ಯುಕ್ತವೇ ಎಂಬ ಪ್ರಶ್ನೆ ಏಳುವುದು ಸಹಜ.

ಮೊದಲು ಎಷ್ಟು ಸ್ಥಳ ಬೇಕೆಂಬುದನ್ನು ಲೆಕ್ಕ ಹಾಕಬಹುದು. 18 ಅಂಗುಲ ಉದ್ದ, 2 ಅಂಗುಲ ಅಗಲದ ಒಂದು ಗರಿಯನ್ನು ಅಂಗುಲಕ್ಕೆ 600 ಬಿಂದುಗಳಂತೆ ಚಿತ್ರಿಸಿದರೆ ಒಂದು ಬದಿಗೆ ಸುಮಾರು 1 ಕೋಟಿ 30 ಲಕ್ಷ ಬಿಂದುಗಳಾಗುತ್ತವೆ. ಪ್ರತಿಯೊಂದು ಬಿಂದುವಿನ ವರ್ಣಕ್ಕೆ 3 ಬೈಟ್‌ಗಳಂತೆ, ಸಂಕೋಚನವಿಲ್ಲದೆ ಇಟ್ಟಲ್ಲಿ, ಒಂದು ಬದಿಯ ಚಿತ್ರಕ್ಕೆ 39 ಮೆಗಾಬೈಟ್. 200 ಗರಿಗಳ ಒಂದು ಕಟ್ಟಿಗೆ ಎರಡೂ ಬದಿ ಸೇರಿ 400 ಚಿತ್ರಗಳು, ಅಂದರೆ ಸುಮಾರು 15.6 ಗಿಗಾಬೈಟ್. ಇಂತಹ 1,000 ಕಟ್ಟುಗಳುಳ್ಳ ಭಂಡಾರಕ್ಕೆ 16 ಟೆರಾಬೈಟ್ ಸಾಕು. ಶತಮಾನಗಳ ಲಿಪಿಕಾರರ ಶ್ರಮವೆಲ್ಲ ಒಂದು ಸಣ್ಣ ಪುಸ್ತಕದ ಗಾತ್ರದ ಪೆಟ್ಟಿಗೆಯಲ್ಲಿ ಅಡಗುತ್ತದೆ. ಆ ಪೆಟ್ಟಿಗೆ ಕೆಟ್ಟರೆ ಆಗುವ ನಷ್ಟವೂ ಅಷ್ಟೇ ಪ್ರಮಾಣದ್ದು.

ಹಾರ್ಡ್ ಡಿಸ್ಕ್‌ನ ಇತಿಹಾಸ 1956ರಲ್ಲಿ ಅಮೆರಿಕದ ಐಬಿಎಂ ಸಂಸ್ಥೆ ಹೊರತಂದ ರ‍್ಯಾಮಾಕ್ ಯಂತ್ರದಿಂದ ಆರಂಭವಾಗುತ್ತದೆ. 24 ಅಂಗುಲ ವ್ಯಾಸದ 50 ತಟ್ಟೆಗಳಿದ್ದ ಆ ಯಂತ್ರ ಹಿಡಿಯುತ್ತಿದ್ದುದು ಸುಮಾರು 50 ಲಕ್ಷ ಅಕ್ಷರಗಳನ್ನು ಮಾತ್ರ. ತತ್ತ್ವ ಇಂದಿಗೂ ಅದೇ. ಅಯಸ್ಕಾಂತೀಯ ಲೇಪನವುಳ್ಳ ತಟ್ಟೆಗಳು ನಿಮಿಷಕ್ಕೆ 5,400 ಅಥವಾ 7,200 ಸಲ ತಿರುಗುತ್ತವೆ. ಒಂದು ಸೂಕ್ಷ್ಮವಾದ ಶಿರ ತಟ್ಟೆಯನ್ನು ಮುಟ್ಟದೆ, ಕೆಲವೇ ನ್ಯಾನೊಮೀಟರ್ ಅಂತರದಲ್ಲಿ ತೇಲುತ್ತ, ಲೇಪನದ ಕಣಗಳ ಅಯಸ್ಕಾಂತ ದಿಕ್ಕನ್ನು ಬದಲಿಸಿ ಬರೆಯುತ್ತದೆ. ಆ ದಿಕ್ಕನ್ನು ಗುರುತಿಸಿ ಓದುತ್ತದೆ. ಇಲ್ಲಿ ಬರೆಹವೆಂದರೆ ಕಣಗಳ ದಿಕ್ಕು. ವಿದ್ಯುತ್ತನ್ನು ತೆಗೆದರೂ ಆ ದಿಕ್ಕು ವರ್ಷಗಟ್ಟಲೆ ಹಾಗೆಯೇ ಉಳಿಯುತ್ತದೆ. ಕೆಡುವುದು ಬಹುಮಟ್ಟಿಗೆ ಯಂತ್ರಭಾಗ: ಮೋಟಾರು ಜಡಗಟ್ಟುತ್ತದೆ, ಶಿರ ತಟ್ಟೆಗೆ ತಗಲಿ ಗೀರುತ್ತದೆ, ಕೈತಪ್ಪಿ ಬಿದ್ದರೆ ಒಂದೇ ಕ್ಷಣದಲ್ಲಿ ಎಲ್ಲವೂ ಮುಗಿಯಬಹುದು. ಸಾಮಾನ್ಯ ಹಾರ್ಡ್ ಡಿಸ್ಕ್‌ಗಳಲ್ಲಿ ಒಳಗಿನ ಮತ್ತು ಹೊರಗಿನ ಗಾಳಿಯ ಒತ್ತಡವನ್ನು ಸರಿದೂಗಿಸಲು ಸೋಸುಕವುಳ್ಳ ಒಂದು ಸಣ್ಣ ರಂಧ್ರವಿರುತ್ತದೆ. ಕರಾವಳಿಯ ಮಳೆಗಾಲದ ತೇವಕ್ಕೆ ಅದು ಪೂರ್ಣವಾಗಿ ಮುಚ್ಚಿದ ಬಾಗಿಲಲ್ಲ. ಹೀಲಿಯಂ ತುಂಬಿ ಮುದ್ರೆ ಮಾಡಿದ ದೊಡ್ಡ ಡಿಸ್ಕ್‌ಗಳಿಗೆ ಈ ದೋಷವಿಲ್ಲ.

ಸಾಲಿಡ್ ಸ್ಟೇಟ್ ಡ್ರೈವ್‌ನಲ್ಲಿ ತಿರುಗುವ ಭಾಗ ಯಾವುದೂ ಇಲ್ಲ. ಇದರ ಮೂಲ 1967ರಲ್ಲಿ ಬೆಲ್ ಪ್ರಯೋಗಾಲಯದ ದಾವೋನ್ ಕಾಂಗ್ ಮತ್ತು ಸೈಮನ್ ಝೀ ಅವರು ರೂಪಿಸಿದ ಒಂದು ಬಗೆಯ ಟ್ರಾನ್ಸಿಸ್ಟರ್. ಅದನ್ನು ಆಧರಿಸಿ ಜಪಾನಿನ ತೋಷಿಬಾ ಸಂಸ್ಥೆಯಲ್ಲಿದ್ದ ಫುಜಿಯೊ ಮಸುವೊಕ ಅವರು 1980ರ ದಶಕದಲ್ಲಿ ಫ್ಲ್ಯಾಷ್ ಸ್ಮೃತಿಯನ್ನು ಬೆಳೆಸಿದರು. ಇಂದಿನ ಡ್ರೈವ್‌ಗಳಲ್ಲಿರುವ ನ್ಯಾಂಡ್ ಎಂಬ ಪ್ರಭೇದ 1987ರಲ್ಲಿ ವಿದ್ವತ್ ಸಭೆಯ ಮುಂದೆ ಬಂದಿತು. ಪ್ರತಿಯೊಂದು ಸೂಕ್ಷ್ಮ ಕೋಶದಲ್ಲಿಯೂ ಸುತ್ತಲೂ ವಿದ್ಯುನ್ನಿರೋಧಕ ಪೊರೆಯಿರುವ ಒಂದು ಕುಹರವಿದೆ ಎಂದು ಸ್ಥೂಲವಾಗಿ ತಿಳಿಯಬಹುದು. ಬರೆಯುವಾಗ ಪೊರೆಯನ್ನು ದಾಟಿಸಿ ಎಲೆಕ್ಟ್ರಾನ್‌ಗಳನ್ನು ಒಳಗೆ ಸೇರಿಸಲಾಗುತ್ತದೆ. ಓದುವಾಗ ಅಲ್ಲಿ ಎಷ್ಟು ಸಂಗ್ರಹವಿದೆಯೆಂದು ಅಳೆಯಲಾಗುತ್ತದೆ. ಇಲ್ಲಿ ಬರೆಹವೆಂದರೆ ಸೆರೆಯಾದ ವಿದ್ಯುದಂಶ.

ಕೆಲಸದ ಮೇಜಿನ ಮೇಲೆ ಇದರ ಶ್ರೇಷ್ಠತೆಯನ್ನು ಕುರಿತು ವಾದಕ್ಕೆ ಎಡೆಯಿಲ್ಲ. ಹಾರ್ಡ್ ಡಿಸ್ಕ್‌ನ ಶಿರ ಅಲ್ಲಲ್ಲಿ ಚದುರಿದ ಕಡತಗಳನ್ನು ಅರಸುತ್ತ ಸೆಕೆಂಡಿಗೆ ಸುಮಾರು ನೂರು ಸಲ ಮಾತ್ರ ಸ್ಥಾನ ಬದಲಿಸಬಲ್ಲುದು. ಸಾಲಿಡ್ ಸ್ಟೇಟ್ ಡ್ರೈವ್ ಅದೇ ಅವಧಿಯಲ್ಲಿ ಹತ್ತಾರು ಸಾವಿರ ಕಡೆಗಳಿಂದ ಓದಬಲ್ಲುದು. ಐದು ಪ್ರತಿಗಳ ಚಿತ್ರಗಳನ್ನು ಒಟ್ಟಿಗೆ ತೆರೆದು ಪಾಠಾಂತರಗಳನ್ನು ಗುರುತಿಸುವ ಸಂಪಾದಕರಿಗೆ ಈ ವ್ಯತ್ಯಾಸ ಕಣ್ಣಿಗೆ ಕಾಣುವಂಥದು. ಮೇಲೆ ಹೇಳಿದ 1,000 ಕಟ್ಟುಗಳ ನಕಲಿಗೆ ಸೆಕೆಂಡಿಗೆ 200 ಮೆಗಾಬೈಟ್ ವೇಗದ ಹಾರ್ಡ್ ಡಿಸ್ಕ್ ಸುಮಾರು 22 ಗಂಟೆ ತೆಗೆದುಕೊಂಡರೆ, 500 ಮೆಗಾಬೈಟ್ ವೇಗದ ಸಾಲಿಡ್ ಸ್ಟೇಟ್ ಡ್ರೈವ್ 9 ಗಂಟೆಯೊಳಗೆ ಮುಗಿಸುತ್ತದೆ. ಊರೂರು ತಿರುಗಿ ಬಸದಿಗಳಲ್ಲಿ, ಮನೆಗಳಲ್ಲಿ ಚಿತ್ರ ತೆಗೆಯುವವರಿಗೆ ಪೆಟ್ಟು ತಾಳುವ ಇದರ ಗುಣವೂ ದೊಡ್ಡ ಉಪಕಾರವೇ.

ಭಂಡಾರದ ದೃಷ್ಟಿಯಿಂದ ನೋಡುವಾಗ ಬೇರೊಂದು ಸಂಗತಿ ಮುನ್ನೆಲೆಗೆ ಬರುತ್ತದೆ. ಸೆರೆಯಾದ ವಿದ್ಯುದಂಶ ಶಾಶ್ವತವಾಗಿ ಸೆರೆಯಲ್ಲಿರುವುದಿಲ್ಲ. ಪೊರೆಯ ಮೂಲಕ ಅದು ಅತಿ ನಿಧಾನವಾಗಿ ಸೋರುತ್ತದೆ. ಬರೆದು ಅಳಿಸಿದಷ್ಟೂ ಪೊರೆ ಸವೆಯುತ್ತದೆ, ಸವೆದಷ್ಟೂ ಸೋರಿಕೆ ಹೆಚ್ಚುತ್ತದೆ. ಶಾಖ ಏರಿದಂತೆ ಇನ್ನೂ ಹೆಚ್ಚುತ್ತದೆ. ಇದರ ಜೊತೆಗೆ, ಬೆಲೆ ತಗ್ಗಿಸುವ ಸಲುವಾಗಿ ಒಂದೇ ಕೋಶದಲ್ಲಿ ಹೆಚ್ಚು ಅಂಶಗಳನ್ನು ತುಂಬುವ ಪದ್ಧತಿ ಬೆಳೆದಿದೆ. ಒಂದು ಕೋಶದಲ್ಲಿ ಒಂದೇ ಬಿಟ್ ಇದ್ದಾಗ ತುಂಬಿದೆಯೋ ಬರಿದೋ ಎಂದು ಎರಡು ಮಟ್ಟಗಳನ್ನು ಗುರುತಿಸಿದರೆ ಸಾಕಾಗಿತ್ತು. ಮೂರು ಬಿಟ್‌ಗಳಿಗೆ 8 ಮಟ್ಟಗಳು, ನಾಲ್ಕು ಬಿಟ್‌ಗಳಿಗೆ 16 ಮಟ್ಟಗಳು ಬೇಕು. ಮಟ್ಟಗಳ ಅಂತರ ಕಿರಿದಾದಷ್ಟೂ ಅಲ್ಪ ಸೋರಿಕೆಯೂ ಒಂದನ್ನು ಮತ್ತೊಂದಾಗಿ ಓದಿಸುತ್ತದೆ. ಹಳಗನ್ನಡ ಓಲೆಗಳಲ್ಲಿ ಪ-ಷಗಳ, ವ-ಮಗಳ ಗೊಂದಲವನ್ನು ಬಲ್ಲ ವಿದ್ವಾಂಸರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಜೆಡೆಕ್ ಎಂಬ ಅಂತಾರಾಷ್ಟ್ರೀಯ ಮಾನಕ ಸಂಸ್ಥೆ ಈ ಬಗ್ಗೆ ಕನಿಷ್ಠ ಪ್ರಮಾಣವನ್ನು ನಿಗದಿಪಡಿಸಿದೆ. ಜನಸಾಮಾನ್ಯರ ಬಳಕೆಯ ಡ್ರೈವ್, ತನಗೆ ವಿಧಿಸಿದ ಬರೆಹದ ಮಿತಿಯನ್ನು ಪೂರ್ತಿ ಸವೆಸಿದ ಮೇಲೆಯೂ, 30 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ವಿದ್ಯುತ್ತಿಲ್ಲದೆ ಒಂದು ವರ್ಷ ಕಾಲ ಬರೆಹವನ್ನು ಉಳಿಸಿಕೊಳ್ಳಬೇಕು. ದೊಡ್ಡ ಸಂಸ್ಥೆಗಳಲ್ಲಿ ಸದಾ ಚಾಲನೆಯಲ್ಲಿರುವ ಬಗೆಯದು 40 ಡಿಗ್ರಿಯಲ್ಲಿ ಮೂರು ತಿಂಗಳು ಉಳಿಸಿಕೊಂಡರೆ ಸಾಕು. ಈ ಅಂಕಿಗಳನ್ನು ಉದ್ಧರಿಸಿ, ಎಸ್‌ಎಸ್‌ಡಿಗಳು ಒಂದು ವರ್ಷದಲ್ಲಿ ಬರಿದಾಗುತ್ತವೆ ಎಂದು ಸಾರುವವರಿದ್ದಾರೆ. ಅದು ಅತಿಶಯೋಕ್ತಿ. ಒಂದೆರಡು ಸಲ ಮಾತ್ರ ಬರೆದ ಹೊಸ ಡ್ರೈವ್ ಇದಕ್ಕಿಂತ ಬಹಳ ದೀರ್ಘಕಾಲ ಬಾಳುತ್ತದೆ. ಆದರೆ ಕಲಬುರಗಿ, ವಿಜಯಪುರಗಳ ಬೇಸಗೆಯಲ್ಲಿ ಮುಚ್ಚಿದ ಕಬ್ಬಿಣದ ಬೀರುವಿನ ಒಳಗಿನ ಶಾಖವನ್ನು ಊಹಿಸಿದರೆ, ಹತ್ತು ವರ್ಷ ಮರೆತು ಇಡುವ ವಸ್ತು ಇದಲ್ಲವೆಂಬುದು ಸ್ಪಷ್ಟ. ವಿದ್ಯುತ್ ಸಂಪರ್ಕದಲ್ಲಿರುವಾಗ ಡ್ರೈವ್‌ನ ಒಳಗಿನ ನಿಯಂತ್ರಕ ತಾನೇ ತಪ್ಪುಗಳನ್ನು ತಿದ್ದುತ್ತದೆ, ದುರ್ಬಲಗೊಂಡ ಭಾಗಗಳನ್ನು ಹೊಸ ಕೋಶಗಳಿಗೆ ನಕಲು ಮಾಡುತ್ತದೆ. ಸಂಪರ್ಕ ತಪ್ಪಿದರೆ ಈ ಪರಿಚರ್ಯೆ ನಿಲ್ಲುತ್ತದೆ. ಪೆನ್‌ಡ್ರೈವ್ ಮತ್ತು ಕ್ಯಾಮೆರಾದ ಸ್ಮೃತಿಪಟ್ಟಿಗಳಲ್ಲಿಯೂ ಇರುವುದು ಇದೇ ಫ್ಲ್ಯಾಷ್ ಸ್ಮೃತಿ. ಅವುಗಳಲ್ಲಿ ಅಗ್ಗದ ಕೋಶಗಳೂ ಸರಳ ನಿಯಂತ್ರಕವೂ ಇರುವುದೇ ಹೆಚ್ಚು. ಜೀವಮಾನದ ಸಂಗ್ರಹವನ್ನು ಒಂದು ಪೆನ್‌ಡ್ರೈವಿನಲ್ಲಿ ಇಟ್ಟು ಮೇಜಿನ ಖಾನೆಯಲ್ಲಿ ಬಿಡುವ ರೂಢಿ ವಿದ್ವಾಂಸರಲ್ಲಿ ಹೆಚ್ಚುತ್ತಿರುವುದು ಕಳವಳಕರ.

ಕೆಡುವ ರೀತಿಯಲ್ಲಿಯೂ ಭೇದವಿದೆ. ಹಾರ್ಡ್ ಡಿಸ್ಕ್ ಅನೇಕ ವೇಳೆ ಮುನ್ಸೂಚನೆ ನೀಡುತ್ತದೆ: ಸದ್ದು ಬದಲಾಗುತ್ತದೆ, ಓದುವಿಕೆ ನಿಧಾನವಾಗುತ್ತದೆ. ಕೆಟ್ಟ ಮೇಲೂ ತಟ್ಟೆಗಳು ಸುಸ್ಥಿತಿಯಲ್ಲಿದ್ದರೆ ಪರಿಣತರು ಬಹುಭಾಗವನ್ನು ಎತ್ತಿಕೊಡಬಲ್ಲರು. ಸಾಲಿಡ್ ಸ್ಟೇಟ್ ಡ್ರೈವ್‌ನ ನಿಯಂತ್ರಕ ಕೆಟ್ಟರೆ ಹಿಂದಿನ ದಿನದವರೆಗೆ ಸರಿಯಿದ್ದ ಸಂಗ್ರಹ ಮರುದಿನ ಪೂರ್ತಿ ಅದೃಶ್ಯವಾಗಬಹುದು. ಕೈತಪ್ಪಿನಿಂದ ಅಳಿಸಿದ ಕಡತದ ವಿಷಯದಲ್ಲಿಯೂ ಹೀಗೆಯೇ. ಹಾರ್ಡ್ ಡಿಸ್ಕ್‌ನಲ್ಲಿ ಅದರ ಮೇಲೆ ಬೇರೆ ಬರೆಹ ಬೀಳುವವರೆಗೆ ಮೂಲ ಉಳಿದಿರುತ್ತದೆ. ಸಾಲಿಡ್ ಸ್ಟೇಟ್‌ನಲ್ಲಿ ಅಳಿಸಿದ ಸ್ಥಳವನ್ನು ನಿಯಂತ್ರಕ ತಾನಾಗಿಯೇ ತೊಳೆದು ಸಿದ್ಧಪಡಿಸುವುದರಿಂದ ಮರಳಿ ಪಡೆಯುವ ಆಸೆ ಬಹಳ ಕಡಿಮೆ.

ಹಾಗಾದರೆ ಒಂದು ಮತ್ತೊಂದನ್ನು ತೊಲಗಿಸೀತೇ? ವೈಯಕ್ತಿಕ ಗಣಕಯಂತ್ರಗಳ ಮಟ್ಟಿಗೆ ಆ ಕಾರ್ಯ ಬಹುಪಾಲು ಮುಗಿದಿದೆ. 2010ರಲ್ಲಿ ಜಗತ್ತಿನಲ್ಲಿ ಸುಮಾರು 65 ಕೋಟಿ ಹಾರ್ಡ್ ಡಿಸ್ಕ್‌ಗಳು ಮಾರಾಟವಾದವು. 2023ರ ವೇಳೆಗೆ ಆ ಸಂಖ್ಯೆ 20 ಕೋಟಿಗೂ ಕೆಳಗಿಳಿದಿತ್ತು. ತಯಾರಕರಾಗಿ ಉಳಿದಿರುವವರು ಸೀಗೇಟ್, ವೆಸ್ಟರ್ನ್ ಡಿಜಿಟಲ್, ತೋಷಿಬಾ ಎಂಬ ಮೂವರು ಮಾತ್ರ. ಗಾತ್ರದಲ್ಲಿಯೂ ಹೊಸದು ಹಳೆಯದನ್ನು ಮೀರಿದೆ: 2024ರಲ್ಲಿ ಹಾರ್ಡ್ ಡಿಸ್ಕ್ 30 ಟೆರಾಬೈಟ್ ಮುಟ್ಟಿದಾಗ, ಅದೇ ವರ್ಷ 122 ಟೆರಾಬೈಟಿನ ಸಾಲಿಡ್ ಸ್ಟೇಟ್ ಡ್ರೈವ್ ಘೋಷಿತವಾಯಿತು. ಹಳೆಯದನ್ನು ಇನ್ನೂ ನಿಲ್ಲಿಸಿರುವುದು ಬೆಲೆ. ಟೆರಾಬೈಟಿಗೆ ಬೀಳುವ ವೆಚ್ಚ ಸಾಲಿಡ್ ಸ್ಟೇಟ್‌ನಲ್ಲಿ ಹಲವು ಪಟ್ಟು ಹೆಚ್ಚು. ಆದುದರಿಂದಲೇ ಬೃಹತ್ ದತ್ತಾಂಶ ಕೇಂದ್ರಗಳು ತಮ್ಮ ಸಂಗ್ರಹದ ಬಹುಭಾಗವನ್ನು ಈಗಲೂ ಹಾರ್ಡ್ ಡಿಸ್ಕ್‌ಗಳಲ್ಲಿಯೇ ಇಡುತ್ತವೆ. ಸೀಮಿತ ಧನವುಳ್ಳ ಮಠ, ಬಸದಿ, ಸಂಶೋಧನ ಸಂಸ್ಥೆಗಳಿಗೆ ಒಂದು ಸಾಲಿಡ್ ಸ್ಟೇಟ್ ಡ್ರೈವ್‌ನ ಬೆಲೆಯಲ್ಲಿ ಎರಡು ಮೂರು ಹಾರ್ಡ್ ಡಿಸ್ಕ್‌ಗಳು ದೊರೆಯುತ್ತವೆ ಎಂಬ ಅಂಶವೇ ನಿರ್ಣಾಯಕವಾಗಬೇಕು. ಏಕೆಂದರೆ ಗ್ರಂಥರಕ್ಷಣೆಯಲ್ಲಿ ಪ್ರತಿಗಳ ಸಂಖ್ಯೆಗಿರುವ ಬೆಲೆ ವೇಗಕ್ಕಿಲ್ಲ.

ಇದಕ್ಕೆ ಜೈನ ವಾಙ್ಮಯದ ಇತಿಹಾಸವೇ ಸಾಕ್ಷಿ. ಷಟ್ಖಂಡಾಗಮದ ಮೇಲೆ ವೀರಸೇನಾಚಾರ್ಯರು ರಚಿಸಿದ ಧವಲಾ ಟೀಕೆಯ ಪ್ರಾಚೀನ ತಾಡಪತ್ರ ಪ್ರತಿಗಳು ಉಳಿದು ಬಂದುದು ಮೂಡುಬಿದಿರೆಯ ಸಿದ್ಧಾಂತ ಬಸದಿಯೊಂದರಲ್ಲಿ. ಆ ಒಂದು ಭಂಡಾರಕ್ಕೆ ಬೆಂಕಿಯೋ ಗೆದ್ದಲೋ ತಗಲಿದ್ದರೆ ಇಂದು ಧವಲಾ ಒಂದು ಹೆಸರಾಗಿ ಮಾತ್ರ ಉಳಿಯುತ್ತಿತ್ತು. 1890ರ ದಶಕದಲ್ಲಿ ನಕಲು ಕಾರ್ಯ ಆರಂಭವಾಗಿ, ಗಜಪತಿ ಉಪಾಧ್ಯಾಯರ ಮೂಲಕ ಒಂದು ಪ್ರತಿ ಹೊರಬಿದ್ದು ಸಹಾರನಪುರವನ್ನು ಸೇರಿ, ಕಡೆಗೆ 1939ರಿಂದ ಹೀರಾಲಾಲ್ ಜೈನರ ಸಂಪಾದಕತ್ವದಲ್ಲಿ 16 ಸಂಪುಟಗಳು ಅಚ್ಚಾದವು. ಪ್ರತಿ ಹೊರಬಂದ ರೀತಿಯನ್ನು ಕುರಿತು ಅಂದು ಭಿನ್ನಾಭಿಪ್ರಾಯಗಳಿದ್ದವು. ಗ್ರಂಥಕ್ಕೆ ಬಂದ ಅಭಯ ಮಾತ್ರ ಪ್ರತಿಗಳು ಹೆಚ್ಚಿದುದರಿಂದಲೇ ಬಂದಿತು. ಪೊನ್ನನ ಶಾಂತಿಪುರಾಣದ 1,000 ಪ್ರತಿಗಳನ್ನು ಬರೆಯಿಸಿ ಹಂಚಿದಳೆಂದು ಪ್ರಸಿದ್ಧಳಾದ ದಾನಚಿಂತಾಮಣಿ ಅತ್ತಿಮಬ್ಬೆ 10ನೆಯ ಶತಮಾನದಲ್ಲಿಯೇ ಈ ಮಾರ್ಗವನ್ನು ಹಿಡಿದಿದ್ದಳು. ಆಕೆ ಒಳ್ಳೆಯ ಓಲೆಯನ್ನು ಹುಡುಕುವುದಕ್ಕೆ ನಿಲ್ಲದೆ ಲಿಪಿಕಾರರನ್ನು ಕೂಡಿಸಿದಳು.

ಈ ದೃಷ್ಟಿಯಿಂದ ಭಂಡಾರಗಳು ಅನುಸರಿಸಬಹುದಾದ ಕ್ರಮ ಕಷ್ಟದ್ದೇನಲ್ಲ. ಸಂಪಾದನೆಯ ಕೆಲಸಕ್ಕೆ ಸಾಲಿಡ್ ಸ್ಟೇಟ್ ಡ್ರೈವ್ ಇರಲಿ. ಸಂಗ್ರಹಕ್ಕೆ ಬೇರೆ ಬೇರೆ ತಯಾರಕರ ಎರಡು ಹಾರ್ಡ್ ಡಿಸ್ಕ್‌ಗಳನ್ನು ಬೇರೆ ಬೇರೆ ಕಾಲದಲ್ಲಿ ಕೊಂಡು, ಒಂದನ್ನು ಬೇರೊಂದು ಊರಿನಲ್ಲಿಡಬೇಕು. ಒಂದೇ ತಂಡದಲ್ಲಿ ತಯಾರಾದವು ಒಂದೇ ದೋಷದಿಂದ ಒಟ್ಟಿಗೆ ಕೆಡುವ ಸಂಭವವಿದೆ. ಐದು ವರ್ಷಗಳ ಸುಮಾರಿಗೆ, ಕೆಡುವವರೆಗೆ ಕಾಯದೆ, ಹೊಸ ಡಿಸ್ಕ್‌ಗೆ ಪ್ರತಿ ಎತ್ತಬೇಕು.

ಪ್ರತಿ ಎತ್ತಿದ ಮೇಲೆ ಅದು ಶುದ್ಧವೇ ಎಂದು ತಿಳಿಯುವ ಉಪಾಯವೂ ಬೇಕು. ಪ್ರಾಚೀನ ಲಿಪಿಕಾರರು ಗ್ರಂಥಾಂತ್ಯದಲ್ಲಿ 32 ಅಕ್ಷರಗಳಿಗೆ ಒಂದು ಶ್ಲೋಕದಂತೆ ಎಣಿಸಿ ಗ್ರಂಥಸಂಖ್ಯೆಯನ್ನು ಬರೆಯುತ್ತಿದ್ದರು. ಧವಲಾ 72,000, ಜಯಧವಲಾ 60,000 ಎಂಬ ಪರಂಪರೆಯ ಗಣನೆ ಹೀಗೆ ಬಂದುದು. ಗಣಕಯಂತ್ರದಲ್ಲಿಯೂ ಪ್ರತಿ ಕಡತದ ಬೈಟ್‌ಗಳನ್ನೆಲ್ಲ ಗಣಿತಕ್ಕೆ ಒಳಪಡಿಸಿ ಒಂದು ಪರಿಶೀಲನ ಸಂಖ್ಯೆಯನ್ನು ಪಡೆಯುವ ವಿಧಾನವಿದೆ. ಹಳೆಯ ಗ್ರಂಥಸಂಖ್ಯೆ ಬಿಟ್ಟುಹೋದ ಭಾಗವನ್ನಷ್ಟೇ ತೋರಿಸುತ್ತಿತ್ತು. ಈ ಸಂಖ್ಯೆಯಾದರೋ ಒಂದು ಬಿಟ್ ವ್ಯತ್ಯಾಸವಾದರೂ ಬದಲಾಗುತ್ತದೆ. ಚಿತ್ರ ತೆಗೆದ ದಿನವೇ ಈ ಸಂಖ್ಯೆಗಳ ಪಟ್ಟಿಯನ್ನು ಸಿದ್ಧಪಡಿಸಿದರೆ ಮುಂದಿನ ಪ್ರತಿಯೊಂದು ನಕಲನ್ನೂ ಅದರೊಡನೆ ಹೋಲಿಸಬಹುದು.

ಹೋಲಿಸುವ ದಿನವನ್ನು ಹೊಸದಾಗಿ ಗೊತ್ತುಪಡಿಸಬೇಕಾಗಿಯೂ ಇಲ್ಲ. ಜ್ಯೇಷ್ಠ ಶುಕ್ಲ ಪಂಚಮಿಯ ಶ್ರುತಪಂಚಮಿಯಂದು ಭಂಡಾರಗಳನ್ನು ತೆರೆದು, ಕಟ್ಟುಗಳನ್ನು ಬಿಚ್ಚಿ, ಧೂಳು ಒರೆಸಿ, ವಸ್ತ್ರ ಬದಲಿಸಿ ಪೂಜಿಸುವ ಸಂಪ್ರದಾಯ ನಡೆದುಬಂದಿದೆ. ಬೇಸಗೆಯ ಶಾಖ ಮುಗಿದು ಮಳೆಗಾಲ ಹಿಡಿಯುವ ಆ ಹೊತ್ತಿಗೆ ಡಿಸ್ಕ್‌ಗಳನ್ನೂ ಹೊರತೆಗೆದು ಚಾಲನೆ ಕೊಟ್ಟು, ಎಲ್ಲ ಕಡತಗಳನ್ನು ಓದಿಸಿ, ಪರಿಶೀಲನ ಸಂಖ್ಯೆಗಳನ್ನು ತಾಳೆ ನೋಡಬಹುದು. ಮೋಟಾರು ಜಡಗಟ್ಟದಿರಲು ಹಾರ್ಡ್ ಡಿಸ್ಕ್‌ಗೂ, ಸೋರಿಕೆಯನ್ನು ತಿದ್ದಿಕೊಳ್ಳಲು ಸಾಲಿಡ್ ಸ್ಟೇಟ್ ಡ್ರೈವ್‌ಗೂ ಇದು ಅಗತ್ಯ. 16 ಟೆರಾಬೈಟಿನ ಸಂಗ್ರಹಕ್ಕೆ ಒಂದು ದಿನ ಸಾಲದು. ಹಿಂದಿನ ದಿನವೇ ಆರಂಭಿಸಬೇಕಾದೀತು. ಯಾವ ಡಿಸ್ಕ್, ಯಾವಾಗ ಕೊಂಡದ್ದು, ಎಂದು ಪರೀಕ್ಷಿಸಿದ್ದು, ಎಷ್ಟು ಕಡತಗಳು ತಾಳೆಯಾಗಲಿಲ್ಲ ಎಂಬ ವಿವರಗಳನ್ನು ಭಂಡಾರದ ಸೂಚಿಯೊಡನೆ ಕಾಗದದ ಮೇಲೆ, ಕೈಬರೆಹದಲ್ಲಿ ಬರೆದಿಡುವುದು ಲೇಸು.